ಕಿಟಕಿ ಪರದೆ: ರಾಡ್ ಮೊದಲು, ಬಟ್ಟೆ ಆಮೇಲೆ

ಗೃಹಪ್ರವೇಶದ ಮನೆಗಳಲ್ಲಿ ಪದೇ ಪದೇ ಕಾಣುವ ನೋಟವಿದು. ಟೈಲ್ಸ್, ಸೋಫಾ, ಅಡುಗೆಮನೆಯ ಕಪಾಟು ಎಲ್ಲಕ್ಕೂ ತಿಂಗಳುಗಟ್ಟಲೆ ಯೋಚಿಸಿದವರು ಪರದೆಗಳನ್ನು ಮಾತ್ರ ಕೊನೆಯ ವಾರದಲ್ಲಿ ಅವಸರದಿಂದ ತಂದಿರುತ್ತಾರೆ. ಬಟ್ಟೆ ಒಳ್ಳೆಯದೇ, ಬಣ್ಣವೂ ಚೆನ್ನ. ಆದರೆ ಎಳೆದು ಮುಚ್ಚಿದರೆ ಒಂದು ನೆರಿಗೆಯೂ ಉಳಿಯದೆ ಹಗ್ಗದ ಮೇಲೆ ಒಣಹಾಕಿದ ಬೆಡ್‌ಶೀಟಿನಂತೆ ಚಪ್ಪಟೆಯಾಗುತ್ತದೆ. ನೆಲ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಎರಡೂ ಬದಿಯಿಂದ ಬಿಸಿಲು ನುಗ್ಗುತ್ತದೆ. ಮೂರೂ ತಪ್ಪುಗಳಿಗೆ ಕಾರಣ ಒಂದೇ: ಮೊದಲು ಬಟ್ಟೆ ಕೊಂಡು, ಆಮೇಲೆ ರಾಡ್ ಹಾಕಿಸಿದ್ದು. ಈ ಕ್ರಮ ತಿರುಗಿಸಿದರೆ ಅದೇ ಹಣದಲ್ಲಿ ಚೆಂದದ ಪರದೆ ಆಗುತ್ತದೆ.

ಹೆಜ್ಜೆ 1: ಬಿಸಿಲು ನೋಡಿ

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇರುತ್ತಾನೆ. ಬೇಸಿಗೆಯಲ್ಲಿ ಅವನು ಎತ್ತರದಲ್ಲಿಯೇ ಇರುವುದರಿಂದ ಉತ್ತರ ಮತ್ತು ದಕ್ಷಿಣದ ಕಿಟಕಿಗಳನ್ನು ಮೇಲಿನ ಸಜ್ಜಾವೇ ಬಹುಪಾಲು ಕಾಯುತ್ತದೆ. ಅಲ್ಲಿಗೆ ತೆಳು ಹತ್ತಿ ಬಟ್ಟೆ ಸಾಕು. ಕಷ್ಟ ಇರುವುದು ಪೂರ್ವ ಮತ್ತು ಪಶ್ಚಿಮಕ್ಕೆ. ಓರೆಯಾಗಿ ಬರುವ ಬಿಸಿಲನ್ನು ಯಾವ ಸಜ್ಜಾವೂ ತಡೆಯದು. ಅದರಲ್ಲೂ ಪಶ್ಚಿಮದ ಬಿಸಿಲು, ಗೋಡೆಗಳೆಲ್ಲ ಕಾದು ಕುಳಿತ ಹೊತ್ತಿಗೆ ಬರುತ್ತದೆ. ಹಣ ಸುರಿಯುವುದಿದ್ದರೆ ಪಶ್ಚಿಮದ ಕಿಟಕಿಗೆ ಸುರಿಯಿರಿ.

ಒಳಗಿನ ಪರದೆಯಿಂದ ಸೆಕೆ ಪೂರ್ತಿ ಹೋಗುತ್ತದೆಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿದೆ. ಬಟ್ಟೆ ಅದನ್ನು ಹೀರಿ ಕಾದು, ಆ ಕಾವನ್ನು ಕೋಣೆಗೇ ಬಿಡುತ್ತದೆ. ಗಾಜಿನ ಕಡೆಗೆ ಬಿಳಿಯ ಲೈನಿಂಗ್ ಕೊಟ್ಟರೆ ಒಂದಷ್ಟು ಬೆಳಕು ಮರಳಿ ಹೊರಗೆ ಹೋಗುತ್ತದೆ, ಅಷ್ಟೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಕಿಟಕಿಯ ಹೊರಗೆ ಬಿದಿರಿನ ತಟ್ಟಿಯನ್ನೋ ನೀರು ಚಿಮುಕಿಸಿದ ಲಾವಂಚದ ತಟ್ಟಿಯನ್ನೋ ಇಳಿಬಿಡುವುದು ಒಳಗಿನ ಯಾವ ದುಬಾರಿ ಬಟ್ಟೆಗಿಂತಲೂ ಮೇಲು. ಬಿಸಿಲನ್ನು ಗಾಜಿನ ಆಚೆಗೇ ನಿಲ್ಲಿಸಬೇಕು.

ಹೆಜ್ಜೆ 2: ಕೋಣೆಯ ಕೆಲಸ ಕೇಳಿ

ಹಾಲ್‌ಗೆ ಎರಡು ಪದರ ಬೇಕು: ಹಗಲಿಗೆ ತೆಳು ನೆಟ್ ಬಟ್ಟೆ, ರಾತ್ರಿಗೆ ದಪ್ಪನೆಯದು. ಹಗಲು ಹೊರಗಿನವರಿಗೆ ಒಳಗಿನದು ಕಾಣದಂತೆ ಮಾಡುವ ಅದೇ ನೆಟ್, ಸಂಜೆ ದೀಪ ಹಾಕಿದ ಕೂಡಲೇ ಎಲ್ಲವನ್ನೂ ತೋರಿಸಿಬಿಡುತ್ತದೆ. ಎದುರು ಕಟ್ಟಡ ಹತ್ತಡಿ ದೂರದಲ್ಲಿರುವ ಫ್ಲ್ಯಾಟಿನವರು ಇದನ್ನು ಮರೆಯಬಾರದು.

ಮಲಗುವ ಕೋಣೆಗೆ, ವಿಶೇಷವಾಗಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ, ಬ್ಲ್ಯಾಕೌಟ್ ಬಟ್ಟೆ ಬೇಕು. ಇದರಲ್ಲಿ ಎರಡು ಬಗೆ. ಹಿಂಬದಿಗೆ ರಬ್ಬರಿನಂಥ ಲೇಪ ಬಳಿದದ್ದು ಒಂದು, ನಡುವೆ ಕಪ್ಪು ನೂಲು ಸೇರಿಸಿ ನೇಯ್ದದ್ದು ಇನ್ನೊಂದು. ಲೇಪದ ಬಟ್ಟೆ ಹೊಸತರಲ್ಲಿ ಪೂರ್ತಿ ಕತ್ತಲು ಕೊಡುತ್ತದೆ, ನಿಜ. ಆದರೆ ಅಗ್ಗದ ಲೇಪ ಕೆಲವು ಬೇಸಿಗೆ ಕಳೆಯುವುದರೊಳಗೆ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ, ತೊಳೆದರೆ ಪುಡಿಯಾಗಿ ಉದುರುತ್ತದೆ. ನೇಯ್ದದ್ದು ಸ್ವಲ್ಪ ಬೆಳಕು ಬಿಟ್ಟರೂ ಬಾಳಿಕೆ ಬರುತ್ತದೆ. ನಾನು ಅದನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಲೇಪದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿಸಿ. ಬಿಳಿಯ ಗೆರೆ ಉಳಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕಿಟಕಿಗೆ ಬಟ್ಟೆಯೇ ಬೇಡ. ಹತ್ತಿಗೆ ಬೆಂಕಿ ತಗುಲುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಗಾಜಿಗೆ ಮಬ್ಬು ಫಿಲ್ಮ್ ಅಂಟಿಸಿ, ಕೆಲಸ ಮುಗಿಯಿತು. ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ ಹಾಕಿಸಿದವರು ಪ್ರತಿಯೊಂದು ಪಟ್ಟಿಯ ಮೇಲಿನ ಒಗ್ಗರಣೆಯ ಜಿಡ್ಡನ್ನೂ ಒರೆಸಬೇಕಾಗುತ್ತದೆ. ಬಚ್ಚಲಿಗೂ ಫಿಲ್ಮೇ ಸರಿ. ದೇವರ ಕೋಣೆಯಲ್ಲಿ ಉರಿವ ದೀಪದಿಂದ ಕೈಯಳತೆಯೊಳಗೆ ಬಟ್ಟೆ ತೂಗುಬಿಡಬೇಡಿ.

ಓದುವ ಮೇಜಿನ ಬಳಿ, ಕಂಪ್ಯೂಟರ್ ಪರದೆಯ ಮೇಲೆ ಬೆಳಕು ಬೀಳುವಲ್ಲಿ ರೋಲರ್ ಬ್ಲೈಂಡ್ ಒಳ್ಳೆಯದು. ಬೇಕಾದಷ್ಟು ಮಾತ್ರ ಇಳಿಸಬಹುದು. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೋತುಬಿದ್ದ ಹಗ್ಗ ಅಥವಾ ಮಣಿಸರ ಕುತ್ತಿಗೆಗೆ ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯ. ಹಗ್ಗವಿಲ್ಲದ ಸ್ಪ್ರಿಂಗ್ ಬ್ಲೈಂಡ್ ಕೊಳ್ಳಿ. ಈಗಾಗಲೇ ಹಗ್ಗದ್ದಿದ್ದರೆ ಐದಡಿಗಿಂತ ಎತ್ತರದಲ್ಲಿ ಕೊಕ್ಕೆ ಹೊಡೆದು ಅದಕ್ಕೆ ಸುತ್ತಿಡಿ, ಮಂಚವನ್ನೂ ತೊಟ್ಟಿಲನ್ನೂ ಆ ಕಿಟಕಿಯಿಂದ ದೂರ ಸರಿಸಿ. ಉದ್ದುದ್ದ ಪಟ್ಟಿಗಳ ವರ್ಟಿಕಲ್ ಬ್ಲೈಂಡ್ ಕಚೇರಿಗೆ ಸರಿ, ಮನೆಗೆ ಬೇಡ. ಕೆಳಗಿನ ಸರಪಳಿ ಕಿತ್ತುಬಂದರೆ ಗಾಳಿಗೆ ದಿನವಿಡೀ ಸದ್ದು.

ಕರಾವಳಿಯ, ಮಲೆನಾಡಿನ ಮನೆಗಳಿಗೆ ಬೇರೆಯೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಗಾಳಿಯಲ್ಲಿ ವೆಲ್ವೆಟ್, ಲೈನಿಂಗ್ ಕೊಟ್ಟ ದಪ್ಪ ಬಟ್ಟೆ ಎಲ್ಲವೂ ಬೂಷ್ಟು ಹಿಡಿಯುತ್ತವೆ. ತೆಳ್ಳಗಿದ್ದು ಬೇಗ ಒಣಗುವುದು ಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಕಬ್ಬಿಣದ ರಾಡ್ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಸರಳುಗಳ ಹಳೆಯ ಮರದ ಕಿಟಕಿಯಿದ್ದರೆ, ಕೆಳಗಿನ ಅರ್ಧಕ್ಕೆ ಮಾತ್ರ ಸ್ಪ್ರಿಂಗ್ ತಂತಿಯಲ್ಲಿ ತೂಗುವ ಹತ್ತಿಯ ಪುಟ್ಟ ಪರದೆಯನ್ನು ದಯವಿಟ್ಟು ಕಿತ್ತುಹಾಕಬೇಡಿ. ಮೇಲಿನಿಂದ ಗಾಳಿ ಬೆಳಕು, ಕೆಳಗೆ ಮರೆ. ಅದಕ್ಕಿಂತ ಜಾಣ ಏರ್ಪಾಡು ಇನ್ನೊಂದಿಲ್ಲ.

ಹೆಜ್ಜೆ 3: ರಾಡ್ ಕೂರಿಸಿ

ಎಲ್ಲ ಕೆಡುವುದು ಇಲ್ಲಿಂದಲೇ. ರಾಡ್ ಕಿಟಕಿಯಷ್ಟೇ ಅಗಲವಿರಬಾರದು. ಎರಡೂ ಬದಿಗೆ ಆರಾರು ಇಂಚು ಹೆಚ್ಚು ಬೇಕು, ಮೇಲೆ ನಾಲ್ಕು ಇಂಚು ಬಿಟ್ಟಿರಬೇಕು. ಆಗಲೇ ತೆರೆದ ಪರದೆ ಗೋಡೆಯ ಮೇಲೆ ಸರಿದು ಕಿಟಕಿ ಪೂರ್ತಿ ಸಿಗುತ್ತದೆ, ಮುಚ್ಚಿದಾಗ ಅಂಚಿನಿಂದ ಬಿಸಿಲು ಬರುವುದಿಲ್ಲ. ಒಳಮುಖವಾಗಿ ತೆರೆಯುವ ಬಾಗಿಲೋ ಸೊಳ್ಳೆ ಜಾಲರಿಯೋ ಇದ್ದರೆ ಅದನ್ನು ಒಮ್ಮೆ ತೆರೆದು, ರಾಡ್‌ಗೆ ತಾಗದೆಂದು ಖಾತ್ರಿ ಮಾಡಿಕೊಳ್ಳಿ.

ಕಿಟಕಿಯ ನೇರ ಮೇಲಿರುವುದು ಕಾಂಕ್ರೀಟಿನ ಲಿಂಟಲ್. ಸಾಮಾನ್ಯ ಡ್ರಿಲ್ ತಂದ ಕೆಲಸಗಾರ ಅರ್ಧ ಇಂಚು ಕೊರೆದು ನಿಲ್ಲಿಸಿ, ಪ್ಲಗ್ಗನ್ನು ಕತ್ತರಿಸಿ ತುರುಕುತ್ತಾನೆ. ಮಗು ಪರದೆ ಜಗ್ಗಿದ ದಿನ ಬ್ರಾಕೆಟ್ಟೇ ಕಳಚಿ ಬೀಳುತ್ತದೆ. ಹ್ಯಾಮರ್ ಡ್ರಿಲ್ ಇದೆಯೇ ಎಂದು ಕರೆಯುವ ಮೊದಲೇ ಕೇಳಿ, 50 ಮಿಲಿಮೀಟರ್ ಸ್ಕ್ರೂ ಪೂರ್ತಿ ಒಳಗಿಳಿಯುವುದನ್ನು ನಿಂತು ನೋಡಿ. ಆರಡಿ ಮೀರಿದ ರಾಡ್‌ಗೆ ನಡುವೆ ಮೂರನೆಯ ಬ್ರಾಕೆಟ್ ಬೇಕೇ ಬೇಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲದಿದ್ದರೆ, ಕಿಟಕಿಯ ಸಂದಿನೊಳಗೆ ಬಿಗಿದು ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ. ಅದು ತೆಳು ಬಟ್ಟೆಯನ್ನು ಮಾತ್ರ ಹೊರುತ್ತದೆ. ಗೋಡೆಗೆ ಅಂಟಿಸುವ ಕೊಕ್ಕೆಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಜ್ಜೆ 4: ಈಗ ಅಳತೆ

ಉದಾಹರಣೆಗೆ ಐದಡಿ, ಅಂದರೆ 60 ಇಂಚು ಅಗಲದ ಕಿಟಕಿ. ರಾಡ್ 72 ಇಂಚು. ನೆರಿಗೆ ನಿಲ್ಲಬೇಕಾದರೆ ಬಟ್ಟೆಯ ಅಗಲ ರಾಡ್‌ನ ಎರಡರಿಂದ ಎರಡೂವರೆ ಪಟ್ಟು ಬೇಕು: ಕನಿಷ್ಠ 144 ಇಂಚು. ಜೋಡಿಯಾಗಿ ಮಾರುವ ಸಿದ್ಧ ಪರದೆಗಳು ತಲಾ ನಾಲ್ಕಡಿ ಅಗಲ, ಎರಡೂ ಸೇರಿ 96 ಇಂಚು. ಪರದೆ ಚಪ್ಪಟೆಯಾಗುವುದು ಇದಕ್ಕೇ. ಈ ಕಿಟಕಿಗೆ 48 ಇಂಚು ಪನ್ನದ, ಅಂದರೆ ಅಗಲದ, ಮೂರು ತುಂಡು ಲೆಕ್ಕಕ್ಕೆ ಸಾಕಾದರೂ, ಬದಿಗೆ ಒಂದೂವರೆಯಂತೆ ಹೊಲಿದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಬದಿಗೆ ಎರಡರಂತೆ ನಾಲ್ಕು ತೆಗೆದುಕೊಳ್ಳಿ. ಬಜೆಟ್ ಬಿಗಿಯಿದ್ದರೆ ಅಗ್ಗದ ಬಟ್ಟೆ ಆರಿಸಿ, ಅಗಲ ಮಾತ್ರ ಕಡಿಮೆ ಮಾಡಬೇಡಿ. ಧಾರಾಳ ನೆರಿಗೆಯ ಸಾದಾ ಖಾದಿ, ನೆರಿಗೆಯಿಲ್ಲದ ರೇಷ್ಮೆಗಿಂತ ಸಾವಿರ ಪಾಲು ಚೆಂದ.

ಉದ್ದದ ಲೆಕ್ಕದಲ್ಲಿ ಎಡವುವವರು ಇನ್ನೂ ಹೆಚ್ಚು. ಕಿಟಕಿ, ಬಾಗಿಲುಗಳ ಮೇಲಂಚು ಸಾಮಾನ್ಯವಾಗಿ ನೆಲದಿಂದ ಏಳಡಿ. ಅದಕ್ಕಾಗಿ ಏಳಡಿಯ ಪರದೆ ತರುತ್ತಾರೆ. ರಾಡ್ ಅದಕ್ಕಿಂತ ನಾಲ್ಕಿಂಚು ಮೇಲಿದೆ, ಬಟ್ಟೆಯಲ್ಲೇ ತೂತು ಮಾಡಿ ರಿಂಗ್ ಕೂರಿಸಿದ ಪರದೆಯಾದರೆ ಬಟ್ಟೆಯ ತಲೆ ರಾಡ್‌ನಿಂದ ಒಂದೂವರೆ ಇಂಚು ಎದ್ದಿರುತ್ತದೆ. ಒಟ್ಟು ಐದೂವರೆ ಇಂಚು ಮೋಟು! ಏಳಡಿ ಬಿಟ್ಟರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆ ಒಂಬತ್ತಡಿ. ಅದನ್ನು ಕೊಂಡು ಕತ್ತರಿಸಿ, ಇಲ್ಲವೇ ಹೊಲಿಸಿ. ಹೊಲಿಸುವುದಾದರೆ: ನೆಲದಿಂದ ರಾಡ್‌ಗೆ 88, ರಿಂಗಿನ ತಲೆಗೆ ಒಂದೂವರೆ ಸೇರಿಸಿ, ನೆಲದ ಬಳಿ ಅರ್ಧ ಇಂಚು ಕಳೆಯಿರಿ. 89 ಇಂಚು ಸಿದ್ಧ ಉದ್ದ. ಮೇಲಿನ ಮಡಿಕೆಗೆ 4, ಕೆಳಗಿನ ಅಂಚಿಗೆ 5, ಹತ್ತಿಯಾದರೆ ಕುಗ್ಗುವುದಕ್ಕೆಂದು ಮತ್ತೆ ನಾಲ್ಕೈದು ಇಂಚು. ತುಂಡಿಗೆ ಸುಮಾರು 2.6 ಮೀಟರ್, ನಾಲ್ಕಕ್ಕೆ ಹತ್ತೂವರೆ ಮೀಟರ್. ದೊಡ್ಡ ಹೂವಿನ ಮುದ್ರಣವಿದ್ದರೆ ಹೂವಿಗೆ ಹೂ ಕೂಡಿಸಲು ಪ್ರತಿ ತುಂಡಿಗೂ ಒಂದು ವಿನ್ಯಾಸದಷ್ಟು ಬಟ್ಟೆ ಹೆಚ್ಚು. ಚಿಕ್ಕಪೇಟೆಯ ಅಂಗಡಿಗೆ ಈ ಲೆಕ್ಕ ಬರೆದುಕೊಂಡೇ ಹೋಗಿ. ಕಿಟಕಿಯ ಅಗಲ ಮಾತ್ರ ಕೇಳಿ ಅಂದಾಜಿಗೆ ಕತ್ತರಿಸಲು ಬಿಡಬೇಡಿ.

ಹೆಜ್ಜೆ 5: ಬಣ್ಣ

ತುಂಡು ತಂದು ನಿಮ್ಮ ಕಿಟಕಿಯ ಬೆಳಕಿನಲ್ಲೇ, ಹಗಲೊಮ್ಮೆ ರಾತ್ರಿಯೊಮ್ಮೆ ನೋಡಿ, ಆರಿಸಿ. ಹಳೆಯ ಸೀರೆಯನ್ನು ಪರದೆ ಮಾಡುವ ಆಸೆಯಿದ್ದರೆ ಹತ್ತಿ ಸೀರೆ ಬಲು ಸೊಗಸು. ಐದೂವರೆ ಮೀಟರಿನಲ್ಲಿ ಇಂಥ ಎರಡು ತುಂಡು ಬರುತ್ತವೆ. ರೇಷ್ಮೆ ಸೀರೆಯನ್ನು ಬಿಸಿಲಿಗೆ ಕಟ್ಟಬೇಡಿ, ಎಳೆಗಳು ಜೀರ್ಣವಾಗಿ ಹರಿಯುತ್ತವೆ.

ಹೆಜ್ಜೆ 6: ಹೊಲಿಗೆ

ಹತ್ತಿಯನ್ನು ಕತ್ತರಿಸುವ ಮೊದಲು ಇಡೀ ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ರಿಂಗ್ ಹಾಕಿಸುವುದಾದರೆ ಪ್ರತಿ ಬದಿಗೂ ಸಮಸಂಖ್ಯೆಯಲ್ಲಿರಲಿ. ಬೆಸಸಂಖ್ಯೆಯಾದರೆ ಒಂದು ಅಂಚು ಗೋಡೆಯತ್ತ ಮಡಚುತ್ತದೆ, ಇನ್ನೊಂದು ಕೋಣೆಗೆ ಚಾಚಿಕೊಳ್ಳುತ್ತದೆ. ನನ್ನ ಮತ ಮಾತ್ರ ನೆರಿಗೆ ಹೊಲಿದು ಹುಕ್ಕು ಹಾಕುವ ಪರದೆಗೆ. ತಲೆಪಟ್ಟಿಯಲ್ಲಿ ಹುಕ್ಕನ್ನು ಮೇಲೆ ಕೆಳಗೆ ಮಾಡಿ ಎತ್ತರ ಸರಿಪಡಿಸಬಹುದು, ಒಗೆಯಲು ಬಿಚ್ಚುವುದೂ ಸುಲಭ. ಹುಕ್ಕಿನದಾದರೆ ಬಟ್ಟೆ ರಾಡ್‌ನ ಕೆಳಗಿನಿಂದ ಇಳಿಯುತ್ತದೆ, ಮೇಲಿನ ಲೆಕ್ಕದ ಒಂದೂವರೆ ಇಂಚು ಸೇರಿಸಬೇಡಿ.

ಕೆಳಗಿನ ಅಂಚನ್ನು ಮೊದಲೇ ಹೊಲಿಯದಂತೆ ದರ್ಜಿಗೆ ಹೇಳಿ, ಟಾಕಿ ಹಾಕಿಸಿಕೊಂಡು ತನ್ನಿ. ತೂಗುಹಾಕಿ, ನೆರಿಗೆಗಳನ್ನು ಕೈಯಿಂದ ಕೂಡಿಸಿ, ಬಟ್ಟೆಯ ಪಟ್ಟಿಯಿಂದ ಮೂರು ಕಡೆ ಸಡಿಲವಾಗಿ ಕಟ್ಟಿ ಒಂದು ವಾರ ಬಿಡಿ. ದಪ್ಪ ಬಟ್ಟೆ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ. ಇಳಿದ ಮೇಲೆ ನೆಲದಿಂದ ಅರ್ಧ ಇಂಚಿಗೆ ಗುಂಡುಪಿನ್ನು ಚುಚ್ಚಿ ಗುರುತು ಮಾಡಿ, ಆಗ ಅಂಚು ಹೊಲಿಸಿ.