ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು: ನಾನು ಮಾಡಿಕೊಂಡ ಬಗೆ

ಪುಸ್ತಕಗಳ ಪುಟವಿನ್ಯಾಸ ನನ್ನ ಹೊಟ್ಟೆಪಾಡಿನ ಕೆಲಸ. ನನ್ನ ಕೈಗೆ ಬರುವ ಬರಹಗಳಲ್ಲಿ ಬಹಳಷ್ಟು ಇಂದಿಗೂ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿರುತ್ತವೆ. ಪುಟ ಕಟ್ಟುವುದು ಅಡೋಬಿ ಇನ್‌ಡಿಸೈನಿನಲ್ಲಿ. ಇನ್‌ಡಿಸೈನ್ ಲಿನಕ್ಸ್‌ಗೆ (ಉಬುಂಟು ಅದರದೇ ಒಂದು ಬಗೆ) ಬರುವುದಿಲ್ಲವಾದ್ದರಿಂದ ನಾನು ವಿಂಡೋಸನ್ನು ಪೂರ್ತಿ ಬಿಡುವಂತಿಲ್ಲ. ಆದರೆ ಹಳೆಯ ಪುಸ್ತಕಗಳ ಮರುಮುದ್ರಣದ ಕೆಲಸ ಬಂದಾಗ ನೂರಾರು ಪುಟಗಳನ್ನು ಸ್ಕ್ಯಾನ್ ಮಾಡಿ, ಓರೆಯಾದವನ್ನು ನೇರ ಮಾಡಿ, ಟೆಸರಾಕ್ಟ್ ತಂತ್ರಾಂಶಕ್ಕೆ ಒಪ್ಪಿಸಿ ಪಠ್ಯವನ್ನು ತೆಗೆಯಬೇಕಾಗುತ್ತದೆ, ಮತ್ತು ಆ ಕೆಲಸ ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಆಗುವಷ್ಟು ಸರಾಗವಾಗಿ ನನಗೆ ಬೇರೆಲ್ಲೂ ಆಗಿಲ್ಲ. ಮೊದಲು ವಿಂಡೋಸ್ ಒಳಗೇ ವರ್ಚುವಲ್ ಯಂತ್ರವೊಂದನ್ನು ಹಾಕಿಕೊಂಡು ನೋಡಿದೆ. 8 ಜಿಬಿ ರ‍್ಯಾಮ್ ಇಬ್ಬರಿಗೂ ಹಂಚಿಹೋಗಿ ಇಬ್ಬರೂ ಕುಂಟತೊಡಗಿದರು. ಆಗಲೇ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ವ್ಯವಸ್ಥೆಗೆ ಹೋಗಲು ನಿರ್ಧರಿಸಿದೆ.

ಲ್ಯಾಪ್‌ಟಾಪ್ 2020ರಲ್ಲಿ ಕೊಂಡದ್ದು. ಇಂಟೆಲ್‌ನ ಹತ್ತನೆಯ ತಲೆಮಾರಿನ ಪ್ರಾಸೆಸರ್, 512 ಜಿಬಿ ಎಸ್‌ಎಸ್‌ಡಿ, ಎನ್‌ವಿಡಿಯಾದ ಸಣ್ಣದೊಂದು ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11 ಪ್ರೊ. ಅದರ ಪಕ್ಕದಲ್ಲಿ ಹಾಕಲು ಆರಿಸಿದ್ದು ಉಬುಂಟು 24.04. ಅದು 2024ರ ಏಪ್ರಿಲ್‌ನಲ್ಲಿ ಬಂದ ದೀರ್ಘಾವಧಿ ಬೆಂಬಲದ ಆವೃತ್ತಿಯಾದ್ದರಿಂದ ಐದು ವರ್ಷ ಮತ್ತೆ ಕೈ ಹಾಕುವ ಅಗತ್ಯವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಉಬುಂಟು ಅನುಸ್ಥಾಪನೆಗೆ ಹಿಡಿದದ್ದು ಅರ್ಧ ಗಂಟೆ ಮಾತ್ರ. ಅದಕ್ಕೆ ಮೊದಲು ವಿಂಡೋಸ್ ಬದಿಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆಗೆ ಎರಡು ದಿನ ಹಿಡಿಯಿತು. ನಾನು ತೊಂದರೆಗೆ ಸಿಕ್ಕಿದ್ದು ಆ ಸಿದ್ಧತೆಯಲ್ಲಿಯೇ ಆದ್ದರಿಂದ ಅದನ್ನೇ ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ಕೆಲಸದ ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದರಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಹಾರ್ಡ್‌ಡಿಸ್ಕನ್ನು ಬೀರುವಿನಲ್ಲಿಟ್ಟೆ. ನಂತರ ಸೆಟ್ಟಿಂಗ್ಸ್‌ಗೆ ಹೋದಾಗ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿರುವುದು ಕಂಡಿತು. ನಾನಾಗಿ ಅದನ್ನು ಎಂದೂ ಹಾಕಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ, ಬೆಂಬಲವಿರುವ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಶುರುವಾಗುತ್ತದೆ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಯಂತ್ರದ ಮೂಲ ತಂತ್ರಾಂಶದಲ್ಲಿ, ಬೂಟ್‌ಗೆ ಸಂಬಂಧಿಸಿದ ಏನನ್ನಾದರೂ ಬದಲಿಸಿದರೆ ಬಿಟ್‌ಲಾಕರ್‌ಗೆ ಸಂಶಯ ಬಂದು ಅದು 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ, ಕೊಡದಿದ್ದರೆ ಡಿಸ್ಕ್ ತೆರೆಯುವುದಿಲ್ಲ. ಡ್ಯುಯಲ್ ಬೂಟ್ ಮಾಡಹೊರಟು ತಮ್ಮ ಕಡತಗಳಿಂದ ತಾವೇ ಹೊರಗುಳಿದವರ ಕಥೆಗಳಲ್ಲಿ ಹೆಚ್ಚಿನವು ಇಲ್ಲಿಯವೇ ಎಂಬುದು ನನ್ನ ಅನಿಸಿಕೆ.

ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊಬೈಲ್‌ನಲ್ಲಿ ಅದನ್ನು ತೆರೆದು ಮಗಳ ಕೈಗೆ ಕೊಟ್ಟು ಓದಿಸುತ್ತಾ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಆರಾರು ಅಂಕಿಗಳ ಎಂಟು ಗುಂಪು. ಬರೆದದ್ದನ್ನು ಪರಿಶೀಲಿಸಲು ಒಂದು ಸುಲಭ ಉಪಾಯವಿದೆ: ಈ ಕೀಯ ಪ್ರತಿಯೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉದಾಹರಣೆಗೆ 275935 ಎಂಬ ಗುಂಪು ಇದ್ದರೆ ಅದು 11ರ 25085 ಪಟ್ಟು. ಅದನ್ನೇ 275985 ಎಂದು ತಪ್ಪಾಗಿ ಬರೆದುಕೊಂಡರೆ ಶೇಷ ಉಳಿಯುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಎಂಟನ್ನೂ ಭಾಗಿಸಿದಾಗ ಐದನೆಯ ಗುಂಪು ಹೊಂದಲಿಲ್ಲ. "ಅಪ್ಪಾ, ಇದು ಮೂರು, ನೀವು ಎಂಟು ಬರ್ಕೊಂಡಿದ್ದೀರ" ಎಂದು ಮಗಳು ತೋರಿಸಿದಳು. ನನ್ನ ಕೈಬರಹದ ಬಗ್ಗೆ ಅವಳು ಮುಂದೆ ಆಡಿದ ಮಾತು ಇಲ್ಲಿ ಬೇಡ.

ಕೀ ಭದ್ರವಾದ ಮೇಲೆ ಬಿಟ್‌ಲಾಕರನ್ನು ಪೂರ್ತಿ ತೆಗೆದುಹಾಕಿದೆ. ತಾತ್ಕಾಲಿಕವಾಗಿ ತಡೆಹಿಡಿಯುವ ಸೌಲಭ್ಯವೂ ಇದೆಯಾದರೂ ಸಾಮಾನ್ಯವಾಗಿ ಅದು ಮುಂದಿನ ರೀಸ್ಟಾರ್ಟ್ ತನಕ ಮಾತ್ರ. ನನಗಾದರೋ ಹತ್ತಾರು ಸಲ ರೀಸ್ಟಾರ್ಟ್ ಮಾಡುವುದಿತ್ತು. ಜೊತೆಗೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನೂ ನಿಲ್ಲಿಸಿದೆ. ಅದು ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ನಿಜವಾಗಿ ಮುಚ್ಚುವುದಿಲ್ಲ. ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಗೆ ಜಾರುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ, ಮತ್ತು ಹಾಗೆ ಬಿಡದಿರುವುದೇ ಸರಿ.

ಮುಂದಿನದು ಜಾಗ ಬಿಡಿಸುವ ಕೆಲಸ. 512 ಜಿಬಿಯ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ ಸುಮಾರು 476 ಜಿಬಿ. ಅದರಲ್ಲಿ ಮೊದಲಿಗೆ ಬೂಟ್ ಕಡತಗಳಿರುವ 260 ಎಂಬಿಯ ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ವಿಭಾಗ), ಮಧ್ಯದಲ್ಲಿ ದೊಡ್ಡದಾದ ಸಿ ಡ್ರೈವ್, ಕೊನೆಯಲ್ಲಿ ರಿಕವರಿ ಪಾರ್ಟಿಷನ್ ಇದ್ದವು. ಸಿ ಡ್ರೈವಿನಿಂದ 250 ಜಿಬಿ ತೆಗೆದು, 150 ಜಿಬಿಯನ್ನು ಉಬುಂಟುವಿಗೂ 100 ಜಿಬಿಯನ್ನು ಎರಡಕ್ಕೂ ಸಾಮಾನ್ಯವಾದ ಡಿ ಡ್ರೈವಿಗೂ ಕೊಡುವುದು ನನ್ನ ಯೋಜನೆ. ಈ ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿಯೇ ಮಾಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಇಡುವ ಮಾದರಿ) ಪಾರ್ಟಿಷನ್ನಿಗೆ ಅದರ ಮನೆಯವರೇ ಕತ್ತರಿ ಹಾಕಲಿ. ಆದರೆ 280 ಜಿಬಿ ಖಾಲಿಯಿದ್ದರೂ ವಿಂಡೋಸ್ ನನಗೆ ಬಿಟ್ಟುಕೊಡಲು ಒಪ್ಪಿದ್ದು 60 ಜಿಬಿಯಷ್ಟನ್ನು ಮಾತ್ರ. ಇದಕ್ಕೆ ಕಾರಣ ಜಾಗದ ಕೊರತೆಯಲ್ಲ: ಹೈಬರ್ನೇಷನ್ ಕಡತ, ಪೇಜ್ ಕಡತ, ಸಿಸ್ಟಂ ರಿಸ್ಟೋರ್‌ನ ಪ್ರತಿಗಳು ಮುಂತಾದವು ಡಿಸ್ಕಿನ ಮಧ್ಯದಲ್ಲೆಲ್ಲೋ ಕುಳಿತಿರುತ್ತವೆ, ಅವುಗಳನ್ನು ಸರಿಸಲು ಆಗದ್ದರಿಂದ ಅವು ಇರುವಲ್ಲಿಗೇ ಕುಗ್ಗುವಿಕೆ ನಿಂತುಬಿಡುತ್ತದೆ. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ನೋಡಿದರೆ ಬೇಕಾದಷ್ಟು ಜಾಗ ತೋರಿಸಿತು. ಅಲ್ಲಿ ಅಳತೆಯನ್ನು ಎಂಬಿಯಲ್ಲಿ ಕೊಡಬೇಕು. 250ನ್ನು 1024ರಿಂದ ಗುಣಿಸಿ 256000 ಎಂದು ತುಂಬಿದೆ. ಆಮೇಲೆ ಪೇಜ್ ಕಡತವನ್ನೂ ರಿಸ್ಟೋರ್ ವ್ಯವಸ್ಥೆಯನ್ನೂ ಮರಳಿ ಚಾಲೂ ಮಾಡಿದೆ. ಹೈಬರ್ನೇಷನ್ ಮಾತ್ರ ಆರಿಯೇ ಇರಲಿ ಎಂದು ಬಿಟ್ಟೆ.

ಉಬುಂಟು ಇಮೇಜ್ ಕಡತ ಸುಮಾರು 6 ಜಿಬಿ. ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಅದರ ಶಾ-256 ಮೊತ್ತವನ್ನು ಅಧಿಕೃತ ತಾಣದಲ್ಲಿ ಕೊಟ್ಟದ್ದರೊಡನೆ ತಾಳೆ ನೋಡಿ, ರೂಫಸ್ ತಂತ್ರಾಂಶ ಬಳಸಿ ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿದೆ. ಅಲ್ಲಿಯ ತನಕ ಎಲ್ಲವೂ ನೆಟ್ಟಗೆ ನಡೆದಿತ್ತು. ಆದರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸಲಿಲ್ಲ.

ನನ್ನ ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ ಸ್ಟೋರೇಜ್ ಕಂಟ್ರೋಲರ್ ಇಂಟೆಲ್ ಆರ್‌ಎಸ್‌ಟಿ ಎಂಬ ಸ್ಥಿತಿಯಲ್ಲಿತ್ತು. ಈ ಸ್ಥಿತಿಯಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣದೆ ಇಂಟೆಲ್‌ನ ಪದರವೊಂದರ ಹಿಂದೆ ಅಡಗಿರುತ್ತದೆ. ಲಿನಕ್ಸ್‌ಗೆ ಕಾಣಬೇಕಾದರೆ ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ನಾನು ಹಿಂದುಮುಂದು ನೋಡದೆ ಬಯಾಸ್‌ಗೆ ಹೋಗಿ ಬದಲಿಸಿಬಿಟ್ಟೆ. ಇನ್‌ಸ್ಟಾಲರ್‌ಗೆ ಡಿಸ್ಕ್ ಕಂಡಿತು ಎಂದು ಸಮಾಧಾನಪಟ್ಟು, ಹೊರಡುವ ಮೊದಲು ಒಮ್ಮೆ ವಿಂಡೋಸ್ ತೆರೆದು ನೋಡೋಣವೆಂದರೆ ನೀಲಿ ಪರದೆ: ಬೂಟ್ ಆಗುವ ಸಾಧನವನ್ನು ತಲುಪಲಾಗುತ್ತಿಲ್ಲ ಎಂಬ ಸಂದೇಶ. ರಾತ್ರಿ ಹನ್ನೊಂದು ಗಂಟೆ. ಮರುದಿನ ಒಂದು ಪುಸ್ತಕದ ಕೊನೆಯ ಕರಡನ್ನು ಮುದ್ರಣಾಲಯಕ್ಕೆ ಕಳುಹಿಸುವುದಿತ್ತು. ನಕಲು ಬೀರುವಿನಲ್ಲಿದೆ ಎಂದು ಗೊತ್ತಿದ್ದರೂ ಅಂಗೈ ಬೆವರಿದ್ದು ಸುಳ್ಳಲ್ಲ. ಬಯಾಸ್‌ಗೆ ಹೋಗಿ ಮತ್ತೆ ಆರ್‌ಎಸ್‌ಟಿಗೆ ತಂದಾಗ ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

ತಪ್ಪು ನನ್ನದೇ, ಕ್ರಮ ತಿರುಗುಮುರುಗಾಗಿತ್ತು. ವಿಂಡೋಸ್ ತನಗೆ ಬೇಕಾದ ಡಿಸ್ಕ್ ಡ್ರೈವರನ್ನು ಮಾತ್ರ ಬೂಟ್ ಹೊತ್ತಿನಲ್ಲಿ ಎಬ್ಬಿಸುತ್ತದೆ, ಎಎಚ್‌ಸಿಐ ಡ್ರೈವರ್ ಅದುವರೆಗೆ ಬೇಕಾಗಿರದಿದ್ದರಿಂದ ಅದು ಮಲಗಿಯೇ ಇರುತ್ತದೆ. ಸೇಫ್ ಮೋಡ್‌ನಲ್ಲಿ ಮಾತ್ರ ಅದು ಮೂಲಭೂತ ಡ್ರೈವರುಗಳನ್ನೆಲ್ಲ ಎಬ್ಬಿಸಿ ನೋಡುತ್ತದೆ. ಆದ್ದರಿಂದ ಮಾರನೆಯ ದಿನ, ಕರಡನ್ನು ಕಳುಹಿಸಿಯಾದ ಮೇಲೆ, ಮೊದಲು ವಿಂಡೋಸ್‌ನ ಸೆಟ್ಟಿಂಗ್ ಉಪಕರಣವಾದ ಎಂಎಸ್‌ಕಾನ್ಫಿಗ್‌ನಲ್ಲಿ ಮುಂದಿನ ಬೂಟ್ ಸೇಫ್ ಮೋಡ್‌ನಲ್ಲಿ ಆಗಲಿ ಎಂದು ಗುರುತು ಹಾಕಿದೆ. ರೀಸ್ಟಾರ್ಟ್ ಆಗುವಾಗ ವಿಂಡೋಸ್‌ಗೆ ಅವಕಾಶ ಕೊಡದೆ ನೇರವಾಗಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿದೆ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದುಕೊಂಡಿತು. ಅಲ್ಲಿ ಆ ಗುರುತನ್ನು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದೆ. ಅಷ್ಟೇ. ಒಂದು ಎಚ್ಚರಿಕೆ: ಸೇಫ್ ಮೋಡ್‌ನಲ್ಲಿ ನನ್ನ ನಾಲ್ಕಂಕಿಯ ಪಿನ್ ಕೆಲಸ ಮಾಡಲಿಲ್ಲ, ಖಾತೆಯ ಪಾಸ್‌ವರ್ಡನ್ನೇ ಕೊಡಬೇಕಾಯಿತು. ಪಿನ್ ಅಭ್ಯಾಸವಾದವರು ಪಾಸ್‌ವರ್ಡ್ ನೆನಪಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಅನುಸ್ಥಾಪನೆ. "ವಿಂಡೋಸ್ ಪಕ್ಕದಲ್ಲಿ ಹಾಕು" ಎಂಬ ಸುಲಭದ ಆಯ್ಕೆ ಇದ್ದರೂ ಯಾವ ಪಾರ್ಟಿಷನ್ ಎಲ್ಲಿ ಹೋಗುತ್ತದೆ ಎಂಬುದು ನನ್ನ ಕೈಯಲ್ಲಿಯೇ ಇರಲಿ ಎಂದು ಮ್ಯಾನುಯಲ್ ಆಯ್ಕೆಯನ್ನೇ ಹಿಡಿದೆ. ಡಿ ಡ್ರೈವನ್ನು ವಿಂಡೋಸ್‌ನಲ್ಲಿಯೇ ಮಾಡಿಟ್ಟಿದ್ದೆ. ಉಳಿದ 150 ಜಿಬಿಯಲ್ಲಿ 50 ಜಿಬಿ ಮೂಲ ಪಾರ್ಟಿಷನ್ನಿಗೆ, 100 ಜಿಬಿ ಹೋಮ್‌ಗೆ, ಎರಡೂ ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯಲ್ಲಿ. ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್‌ಗೆ ಬೇರೆ ಪಾರ್ಟಿಷನ್ ಮಾಡಲಿಲ್ಲ, ಅದಕ್ಕೆ ಬೇಕಾದ ಕಡತವನ್ನು ಉಬುಂಟು ತಾನೇ ಮಾಡಿಕೊಳ್ಳುತ್ತದೆ. ಇಎಫ್‌ಐ ಪಾರ್ಟಿಷನ್ ಹೊಸದಾಗಿ ಬೇಕಿಲ್ಲ; ಇದ್ದದ್ದರಲ್ಲಿಯೇ ಮೈಕ್ರೋಸಾಫ್ಟ್‌ನ ಫೋಲ್ಡರ್ ಪಕ್ಕದಲ್ಲಿ ಉಬುಂಟು ತನ್ನದೊಂದು ಫೋಲ್ಡರನ್ನು ಇಟ್ಟುಕೊಳ್ಳುತ್ತದೆ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಕೊನೆಯಲ್ಲಿ ಯಾವ ಯಾವ ಪಾರ್ಟಿಷನ್ ಬದಲಾಗಲಿದೆ ಎಂಬ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ಎನ್‌ಟಿಎಫ್‌ಎಸ್ ಎಂಬ ಹೆಸರು ಎಲ್ಲಿಯೂ ಫಾರ್ಮ್ಯಾಟ್ ಸಾಲಿನಲ್ಲಿ ಇಲ್ಲವೆಂದು ಬೆರಳಿಟ್ಟು ಓದಿ ಖಚಿತಪಡಿಸಿಕೊಂಡ ಮೇಲೆಯೇ ಇನ್‌ಸ್ಟಾಲ್ ಗುಂಡಿ ಒತ್ತಿದೆ.

ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟನ್ನು ನಿಲ್ಲಿಸಬೇಕೆಂದು ಹೇಳುವವರು ಈಗಲೂ ಇದ್ದಾರೆ. ಉಬುಂಟುವಿಗೆ ಅದರ ಅಗತ್ಯವಿಲ್ಲ. ಅದರ ಮೊದಲ ಹಂತದ ಲೋಡರ್ ಆದ ಶಿಮ್‌ಗೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಆದರೆ ಎನ್‌ವಿಡಿಯಾ ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಮುಂದಿನ ಸಲ ಯಂತ್ರ ಎದ್ದಾಗ ಮೋಕ್ ಎಂಬ ಹೆಸರಿನ ನೀಲಿ ಪರದೆ ಬಂದು ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಕೀಲಿಯೊಂದನ್ನು ಒತ್ತಿ, ಎನ್‌ರೋಲ್ ಆಯ್ಕೆಗೆ ಹೋಗಿ, ಅದೇ ಪಾಸ್‌ವರ್ಡ್ ಕೊಡಬೇಕು. ನಾನು ಆಗ ಕಾಫಿ ತರಲು ಒಳಗೆ ಹೋಗಿದ್ದೆ. ಡ್ರೈವರ್ ಲೋಡ್ ಆಗಲಿಲ್ಲ. ಮೋಕ್‌ಯುಟಿಲ್ ಆದೇಶದಿಂದ ಮತ್ತೊಮ್ಮೆ ಕೋರಿಕೆ ಸಲ್ಲಿಸಿ, ಈ ಬಾರಿ ಪರದೆಯ ಮುಂದೆಯೇ ಕುಳಿತು ಮುಗಿಸಿದೆ.

ಎರಡು ದಿನಗಳ ನಂತರ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಬರೆಯುವುದು ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನು. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಮಗೆ ಈ ವ್ಯತ್ಯಾಸ ಕರಾರುವಾಕ್ಕಾಗಿ ಐದೂವರೆ ಗಂಟೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಅದೂ ಸ್ಥಳೀಯ ಸಮಯವನ್ನೇ ಬಳಸಲಿ ಎಂದು ಹೇಳಿದೆ. ಹಾಗೆ ಮಾಡಬಾರದೆಂದು ಅದು ಎಚ್ಚರಿಸುತ್ತದೆ, ಆದರೆ ಅದು ಮುಂದಿಡುವ ಕಾರಣಗಳಲ್ಲಿ ಮುಖ್ಯವಾದದ್ದು ಬೇಸಿಗೆ ಕಾಲಕ್ಕೆ ಗಡಿಯಾರವನ್ನು ಮುಂದೆ ಹಾಕುವ ದೇಶಗಳ ಗೊಂದಲ. ಭಾರತದಲ್ಲಿ ಆ ಪದ್ಧತಿ ಇಲ್ಲದ್ದರಿಂದ ನಾನು ಆ ಎಚ್ಚರಿಕೆಯನ್ನು ಪಕ್ಕಕ್ಕಿಟ್ಟೆ.

ಕನ್ನಡದ ವಿಷಯದಲ್ಲಿ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ವಿನ್ಯಾಸ ಸಿದ್ಧವಾಗಿಯೇ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಎಫ್ ಕೀಲಿಯಲ್ಲಿ ಅರ್ಧಾಕ್ಷರ ಬರುವುದು ಇಲ್ಲಿಯೂ ಹಾಗೆಯೇ. ಟೆಸರಾಕ್ಟ್‌ನ ಕನ್ನಡ ದತ್ತಾಂಶವೂ ಉಬುಂಟುವಿನ ಭಂಡಾರದಿಂದಲೇ ಒಂದು ಸಾಲಿನ ಆದೇಶದಲ್ಲಿ ಬಂದು ಕುಳಿತಿತು. ಯೂನಿಕೋಡ್ ಅಲ್ಲದ ಹಳೆಯ ಕಡತಗಳನ್ನು ಮಾತ್ರ ಲಿಬ್ರೆಆಫೀಸ್‌ನಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಆ ಫಾಂಟುಗಳನ್ನು ಹಾಕಿಕೊಂಡರೆ ಕಣ್ಣಿಗೆ ಕನ್ನಡವಾಗಿ ಕಂಡೀತು, ಆದರೆ ಹುಡುಕಲು ಬರುವುದಿಲ್ಲ. ಅವನ್ನು ವಿಂಡೋಸ್‌ನಲ್ಲಿಯೇ ಯೂನಿಕೋಡ್‌ಗೆ ಪರಿವರ್ತಿಸಿ ಡಿ ಡ್ರೈವಿನಲ್ಲಿ ಇಡುತ್ತೇನೆ, ಉಬುಂಟು ಅಲ್ಲಿಂದ ಎತ್ತಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಸಿ ಡ್ರೈವಿಗೆ ಮಾತ್ರ ಬಿಟ್‌ಲಾಕರನ್ನು ಮರಳಿ ಹಾಕಿದೆ; ಹೊಸದಾಗಿ ಹಾಕಿದಾಗ ಹೊಸ ಕೀ ಬರುವುದರಿಂದ ಲೆಕ್ಕದ ಪುಸ್ತಕದಲ್ಲಿ ಹಳೆಯದನ್ನು ಹೊಡೆದುಹಾಕಿ ಇನ್ನೊಮ್ಮೆ ಹನ್ನೊಂದರ ಭಾಗಾಕಾರ ನಡೆಯಿತು. ಉಬುಂಟು ಹಾಕುವ, ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನಿಂದ ವಿಂಡೋಸ್‌ಗೆ ಹೋದಾಗ ಅದು ಕೀ ಕೇಳಿತು, ಏಕೆಂದರೆ ಬೂಟ್ ಬಂದ ದಾರಿ ಅದಕ್ಕೆ ಅಪರಿಚಿತ. ಅದಕ್ಕಾಗಿ ವಿಂಡೋಸ್ ಬೇಕಾದ ದಿನ ಯಂತ್ರ ಏಳುವಾಗಲೇ ಎಫ್12 ಒತ್ತಿ ಬಯಾಸ್‌ನ ಬೂಟ್ ಮೆನುವಿನಿಂದ ನೇರವಾಗಿ ಹೋಗುತ್ತೇನೆ. ಆಗ ಅದು ಏನನ್ನೂ ಕೇಳುವುದಿಲ್ಲ. ಪೆನ್‌ಡ್ರೈವನ್ನು ಮಾತ್ರ ಅಳಿಸಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟೊಂದು ಹಳೆಯ ಶಿಮ್‌ಗಳನ್ನು ತಿರಸ್ಕರಿಸಿದ್ದರಿಂದ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಗಿತ್ತು. ಅಂಥದ್ದು ಮತ್ತೆ ಬಂದರೆ ಒಳಹೋಗಲು ಒಂದು ಬಾಗಿಲು ಬೇಕಲ್ಲ. ಆ ಪೆನ್‌ಡ್ರೈವ್ ಈಗ ಲೆಕ್ಕದ ಪುಸ್ತಕದ ಜೊತೆಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬೀರುವಿನಲ್ಲಿದೆ.