ಎದ್ದೇಳಲು ಅಪ್ಪಣೆ ಬೇಡದ ಸೀಟು

ಮೊದಲ ಸಲ ಅಮೆರಿಕಕ್ಕೆ ಹೋದಾಗ ನನಗೆ ಸಿಕ್ಕಿದ್ದು ‘ಇ’ ಸೀಟು. ನಾಲ್ಕು ಸೀಟಿನ ನಡುಸಾಲಿನಲ್ಲಿ ಎರಡನೆಯದು. ಪಕ್ಕದಲ್ಲಿ ನಮ್ಮ ಯಜಮಾನರಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರಿಗೆ ಮೂರು ಸಾಲು ಹಿಂದೆ ಸೀಟು ಬಂದಿತ್ತು. ನನ್ನ ಎಡಕ್ಕೆ ಕೂತಿದ್ದು ಆರಡಿ ಎತ್ತರದ ಒಬ್ಬ ಹುಡುಗ. ವಿಮಾನ ಮೇಲೇರುವ ಮೊದಲೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟ. ನನಗೋ ಸಕ್ಕರೆ ಕಾಯಿಲೆ. ಎರಡು ಗಂಟೆಗೊಮ್ಮೆ ಏಳಲೇಬೇಕು. ಇವನನ್ನು ಎಬ್ಬಿಸುವುದು ಹೇಗಪ್ಪಾ ಅಂತ ಸಂಕೋಚಪಟ್ಟು ನೀರು ಕುಡಿಯುವುದನ್ನೇ ನಿಲ್ಲಿಸಿದೆ. ಹದಿನೈದು ಗಂಟೆಗೂ ಜಾಸ್ತಿ ಹಾಗೇ ಕೂತಿದ್ದೆ. ಇಳಿಯುವಾಗ ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲ. ಮಗಳ ಬಾಣಂತನ ಮಾಡಲು ಹೋದವಳು ಮೊದಲೆರಡು ದಿನ ಅವಳ ಕೈಲೇ ಸೇವೆ ಮಾಡಿಸಿಕೊಂಡೆ.

“ಅಮ್ಮಾ, ಸೀಟ್ ನೋಡಿ ಆರಿಸ್ಕೊಳ್ಳಲಿಲ್ವಾ?” ಅಂದಳು ಮಗಳು. ಅವಮಾನ ಆಯಿತು. ಏಕೆಂದರೆ ನಾನು ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದವಳು. ಹಾಸನದ ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬೇಡ, ಕೊನೆ ಸಾಲಂತೂ ಬೇಡವೇ ಬೇಡ, ಬಿಸಿಲು ಯಾವ ಕಡೆ ಬೀಳುತ್ತೆ ನೋಡಿ ಕೂರಬೇಕು ಅನ್ನೋದು ಹತ್ತನೇ ವಯಸ್ಸಿಗೇ ಗೊತ್ತಿತ್ತು. ಅಷ್ಟು ದುಡ್ಡು ಕೊಟ್ಟ ವಿಮಾನದಲ್ಲಿ ಮಾತ್ರ ಕೊಟ್ಟ ಕಡೆ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಅಲ್ಲಿಂದೀಚೆಗೆ ಇನ್ನೂ ಮೂರು ಸಲ ಹೋಗಿ ಬಂದಿದ್ದೇವೆ. ಪ್ರತಿ ಸಲ ಒಂದೊಂದು ಥರದ ಸೀಟು ಹಿಡಿದು ನೋಡಿದ್ದೇನೆ. ನಾನೀಗ ಅರವತ್ತು ದಾಟಿದವಳು, ಮಂಡಿ ನೋವು ಬೇರೆ. ನನ್ನ ಲೆಕ್ಕ ಇಪ್ಪತ್ತೈದರ ಹುಡುಗರಿಗೆ ಸರಿಹೋಗದೆ ಇರಬಹುದು.

ಎರಡನೇ ಸಲ ಹೋಗುವಾಗ ಹಟ ಹಿಡಿದು ಗೋಡೆ ಎದುರಿನ ಮೊದಲ ಸಾಲು ತೆಗೆದುಕೊಂಡೆ. ಜಾಸ್ತಿ ದುಡ್ಡು ಕೊಟ್ಟೇ. ಮುಂದೆ ಸೀಟಿಲ್ಲ, ಯಾರೂ ಸೀಟನ್ನು ಹಿಂದಕ್ಕೆ ಒರಗಿಸಿ ನಮ್ಮ ಎದೆ ಮೇಲೆ ತರುವುದಿಲ್ಲ ಅನ್ನೋ ಆಸೆ. ಅದೇನೋ ನಿಜ. ಆದರೆ ಮುಂದಿನ ಸೀಟಿನ ಕೆಳಗೆ ಕಾಲು ತೂರಿಸಿ ಚಾಚುವ ಸುಖ ಅಲ್ಲಿ ಇಲ್ಲ. ಗೋಡೆ ಅಡ್ಡ ಬರುತ್ತದೆ. ಕೈಚೀಲ ಕಾಲ ಬಳಿ ಇಡುವಂತಿಲ್ಲ, ಮೇಲೆ ಹಾಕಬೇಕು. ನನ್ನ ಮಾತ್ರೆ, ಕನ್ನಡಕ, ಚಕ್ಕುಲಿ ಎಲ್ಲ ಮೇಲೆ. ಊಟದ ಟ್ರೇ ಕೈ ಇಡುವ ಹಿಡಿಕೆಯೊಳಗಿಂದ ಬರುತ್ತದೆ. ಹಾಗಾಗಿ ಆ ಹಿಡಿಕೆ ಎತ್ತಲು ಬರುವುದಿಲ್ಲ, ಸೀಟೂ ಸ್ವಲ್ಪ ಇಕ್ಕಟ್ಟು. ಇದೆಲ್ಲಕ್ಕಿಂತ ದೊಡ್ಡ ವಿಷಯ, ಮಗುವಿನ ತೊಟ್ಟಿಲನ್ನು ಸಿಕ್ಕಿಸುವುದು ಆ ಗೋಡೆಗೇ. ನಮ್ಮ ಸಾಲಿನಲ್ಲಿ ಎರಡು ಕೂಸು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ವಿಮಾನ ಕುಲುಕಿ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಮಕ್ಕಳನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಲೇಬೇಕು. ಅಲ್ಲಿಗೆ ಎರಡೂ ಎದ್ದವು. ಅದರಲ್ಲಿ ಒಂದು ಕೂಸಿನ ತಾಯಿ ಪಾಪ, ಒಬ್ಬಳೇ ಬಂದಿದ್ದಳು. ಬೆಲ್ಟ್ ದೀಪ ಆರಿದ ಮೇಲೆ ಅರ್ಧ ರಾತ್ರಿ ನಾನೇ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟಿದೆ. ಬಾಣಂತನ ದೇವನಹಳ್ಳಿ ಬಿಟ್ಟ ಕೂಡಲೇ ಶುರುವಾಯಿತು ಅಂತ ನಮ್ಮವರು ಇವತ್ತಿಗೂ ನಗುತ್ತಾರೆ.

ತುರ್ತು ಬಾಗಿಲ ಬಳಿಯ ಸೀಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲು ಚಾಚಲು ಅದರಷ್ಟು ಜಾಗ ಬೇರೆಲ್ಲೂ ಇಲ್ಲ. ಆದರೆ ಅಪಾಯ ಬಂದಾಗ ಆ ಬಾಗಿಲು ತೆರೆಯಲು ನೆರವಾಗುವ ಶಕ್ತಿ ಇರುವವರಿಗೆ ಮಾತ್ರ ಅದು. ಮಕ್ಕಳು, ಬಸುರಿಯರು, ವೀಲ್‌ಚೇರ್ ಕೇಳಿದವರು ಅಲ್ಲಿ ಕೂರುವಂತಿಲ್ಲ. ನಮ್ಮವರು ಕೌಂಟರಿನಲ್ಲಿ ಕೇಳಿಯೇ ಕೇಳಿದರು. ಆ ಹುಡುಗಿ ನಮ್ಮ ವೀಲ್‌ಚೇರ್ ಚೀಟಿ ನೋಡಿ ನಕ್ಕಳು. ನ್ಯಾಯವೇ.

ನನಗೆ ಕೊನೆಗೂ ಹಿಡಿಸಿದ್ದು ಓಡಾಡುವ ದಾರಿಯ ಪಕ್ಕದ ಸೀಟು, ಎಲ್ಲರೂ ಐಲ್ ಸೀಟು ಅಂತಾರಲ್ಲ, ಅದು. ಆದರೆ ಐಲ್ ಸೀಟುಗಳೆಲ್ಲ ಒಂದೇ ಅಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಚೀಟಿ ಮೇಲೆ ಗೆರೆ ಎಳೆದು ನಾನೇ ಕಂಡುಕೊಂಡೆ. ಬೋಯಿಂಗ್ 777ರಲ್ಲಿ ಸಾಮಾನ್ಯವಾಗಿ ಎಕಾನಮಿ ಸಾಲು ಮೂರು, ನಾಲ್ಕು, ಮೂರು. ಎಬಿಸಿ, ಡಿಇಎಫ್‌ಜಿ, ಎಚ್‌ಜೆಕೆ. ನಡುವೆ ‘ಐ’ ಇಲ್ಲ, ಅದು ‘1’ ಅಂಕಿಯ ಹಾಗೆ ಕಾಣುತ್ತದೆ ಅಂತ ಬಿಟ್ಟಿರುತ್ತಾರೆ. ‘ಸಿ’ಯಲ್ಲಿ ಕೂತರೆ ‘ಎ’ ಮತ್ತು ‘ಬಿ’ ಇಬ್ಬರೂ ನಿಮ್ಮನ್ನು ದಾಟಿಯೇ ಹೋಗಬೇಕು. ‘ಡಿ’ಯಲ್ಲಿ ಕೂತರೆ ‘ಇ’ ಒಬ್ಬರೇ. ‘ಎಫ್’ ಆಚೆ ಕಡೆಯಿಂದ ಹೋಗುತ್ತಾರೆ. ಅಂದರೆ ‘ಡಿ’ ಇಲ್ಲವೇ ‘ಜಿ’ ಹಿಡಿದರೆ ನಿದ್ದೆಗೆಡುವುದು ಅರ್ಧಕ್ಕರ್ಧ ಕಡಿಮೆ. ಬೋಯಿಂಗ್ 787 ಮತ್ತು ಏರ್‌ಬಸ್ ಎ350ಯಲ್ಲಿ ಹೆಚ್ಚಾಗಿ ಮೂರು, ಮೂರು, ಮೂರು. ಅಲ್ಲಿ ನಡುಸಾಲಿನ ತುದಿ ಇನ್ನೂ ಒಳ್ಳೆಯದು. ಮಧ್ಯದವರಿಗೆ ಎರಡು ದಾರಿ, ಅವರು ಆಚೆಯವರನ್ನೇ ಎಬ್ಬಿಸಬಹುದು. ಎ330ಯಲ್ಲಿ ಎರಡು, ನಾಲ್ಕು, ಎರಡು. ಅಲ್ಲಿ ಕಿಟಕಿಯ ಜೋಡಿ ಸೀಟು ಗಂಡ ಹೆಂಡತಿಗೆ ಹೇಳಿ ಮಾಡಿಸಿದ ಹಾಗಿದೆ, ಮೂರನೆಯವರ ಕಾಟವಿಲ್ಲ.

ನಾವು ಈಗ ಮಾಡುವುದು ಏನೆಂದರೆ, 777 ಆದರೆ ‘ಸಿ’ ಮತ್ತು ‘ಡಿ’ ತೆಗೆದುಕೊಳ್ಳುತ್ತೇವೆ. ಅಕ್ಕಪಕ್ಕವೇ, ನಡುವೆ ದಾರಿ ಅಷ್ಟೇ. ಮಾತಾಡಬಹುದು, ಡಬ್ಬಿ ದಾಟಿಸಬಹುದು, ಇಬ್ಬರೂ ಯಾರನ್ನೂ ಕೇಳದೆ ಏಳಬಹುದು. ‘ಸಿ’ ಸ್ವಲ್ಪ ಕಷ್ಟದ ಸೀಟು ಅಂದೆನಲ್ಲ. ಹೋಗುವಾಗ ಅದು ಅವರದು, ಬರುವಾಗ ನನ್ನದು ಅಂತ ಒಪ್ಪಂದ ಆಗಿದೆ. ಬರುವಾಗ ನನಗೇಕೋ ಸಿಕ್ಕಾಪಟ್ಟೆ ಮಂಡಿ ನೋವು ಬಂದು ಒಪ್ಪಂದ ಮುರಿಯುತ್ತದೆ, ಅದು ಬೇರೆ ಮಾತು.

ಐಲ್ ಸೀಟಿಗೂ ತೊಂದರೆ ಇದೆ. ಊಟದ ಗಾಡಿ ಮೊಣಕೈಗೆ ಬಡಿಯುತ್ತದೆ. ಒರಗಿ ಮಲಗಲು ಗೋಡೆ ಇಲ್ಲ. ನಿದ್ದೆಯೇ ಮುಖ್ಯ, ಎಂಟು ಗಂಟೆ ಏಳದೆ ಇರಬಲ್ಲೆ ಅನ್ನುವವರು ಕಿಟಕಿಗೇ ಹೋಗಲಿ. ಆದರೂ ಏಳದೆ ಕೂರುವುದು ಅಷ್ಟು ಒಳ್ಳೆಯದಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಹಾಗಂತ ಹೆದರಬೇಕಾಗಿಲ್ಲ. ಅವರ ಲೆಕ್ಕದಲ್ಲೇ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ವಿಮಾನವೇ ಆಗಬೇಕಿಲ್ಲ, ಬಸ್ಸು ರೈಲಿಗೂ ಇದು ಅನ್ವಯಿಸುತ್ತದೆ. ನನ್ನ ಡಾಕ್ಟರು ಮಾತ್ರ ನನ್ನ ಊದಿದ ಕಾಲಿನ ಕಥೆ ಕೇಳಿ, ಬಿಗಿ ಕಾಲುಚೀಲ ಹಾಕಿಕೊಳ್ಳಿ, ಗಂಟೆಗೊಮ್ಮೆ ನಡೀರಿ, ನೀರು ಬಿಡಬೇಡಿ ಅಂದರು. ಎದ್ದು ನಡೆಯಬೇಕು ಅಂದರೆ ಮೊದಲು ಎದ್ದೇಳಲು ಆಗುವ ಸೀಟು ಬೇಕಲ್ವಾ?

ಐಲ್ ಸೀಟಿನ ಹೊರಗಿನ ಹಿಡಿಕೆ ಏಳುವುದಿಲ್ಲ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಎಷ್ಟೋ ವಿಮಾನಗಳಲ್ಲಿ ಹಿಡಿಕೆಯ ಬುಡದಲ್ಲಿ, ಕೆಳಗಡೆ ಒಂದು ಸಣ್ಣ ಗುಂಡಿ ಇರುತ್ತದೆ. ಬೆರಳಲ್ಲಿ ತಡವಿ ಒತ್ತಿದರೆ ಹಿಡಿಕೆ ಮೇಲೆ ಬರುತ್ತದೆ. ಮಂಡಿ ಬಗ್ಗಿಸಲಾರದವರಿಗೆ ಇದೇ ದೊಡ್ಡ ಭಾಗ್ಯ.

ಸಾಲು ಯಾವುದು ಅನ್ನೋದು ಆಮೇಲಿನ ಪ್ರಶ್ನೆ. ಇಲ್ಲಿ ನಮ್ಮ ಕೆಂಪು ಬಸ್ಸಿನ ಬುದ್ಧಿ ಕೆಲಸಕ್ಕೆ ಬಂತು. ಬಸ್ಸಿನ ಹಾಗೇ ವಿಮಾನದಲ್ಲೂ ಬಾಲದ ಕಡೆ ಎತ್ತಾಟ ಜಾಸ್ತಿ. ರೆಕ್ಕೆಯ ಹತ್ತಿರ ಕಡಿಮೆ. ಸದ್ದು ರೆಕ್ಕೆಗಿಂತ ಮುಂದೆ ಕಡಿಮೆ, ಎಂಜಿನ್ನಿನ ಹಿಂದೆ ಜಾಸ್ತಿ. ಟಾಯ್ಲೆಟ್ ಪಕ್ಕ ಬೇಡ. ನನ್ನಂಥವರಿಗೆ ಅದೇ ಅನುಕೂಲ ಅಂತ ಅನಿಸಬಹುದು, ನನಗೂ ಅನಿಸಿತ್ತು. ಆದರೆ ರಾತ್ರಿಯಿಡೀ ಬಾಗಿಲು ತೆಗೆದು ಹಾಕುವ ಸದ್ದು, ಮುಖಕ್ಕೆ ಬೀಳುವ ಬೆಳಕು, ಸಾಲಿನಲ್ಲಿ ನಿಂತವರ ಸೊಂಟ ನಮ್ಮ ತಲೆಗೆ ತಾಗುವುದು, ಬೇಡವೇ ಬೇಡ. ಸಿಬ್ಬಂದಿ ಊಟ ಸಿದ್ಧಮಾಡುವ ಜಾಗವೂ ಹಾಗೇ. ಐದಾರು ಸಾಲು ದೂರ ಕೂತು ನಡೆದುಕೊಂಡು ಹೋದರೆ ಕಾಲಿಗೂ ವ್ಯಾಯಾಮ.

ಕೊನೆ ಸಾಲುಗಳ ಬಗ್ಗೆ ಒಂದು ಒಳ್ಳೆ ಮಾತೂ ಹೇಳಬೇಕು. 777ರ ಮೈ ಬಾಲದ ಕಡೆ ಸಣ್ಣಗಾಗುತ್ತದೆ. ಹಾಗಾಗಿ ಎಷ್ಟೋ ಕಂಪನಿಗಳ ವಿಮಾನದಲ್ಲಿ ಕೊನೆಯ ಕೆಲವು ಸಾಲುಗಳಲ್ಲಿ ಕಿಟಕಿ ಕಡೆ ಮೂರರ ಬದಲು ಎರಡೇ ಸೀಟು. ಸೀಟಿಗೂ ಗೋಡೆಗೂ ನಡುವೆ ಒಂದು ಚೀಲ ಇಡುವಷ್ಟು ಜಾಗ. ನಮ್ಮವರಿಗೆ ಕಿಟಕಿಯ ಹುಚ್ಚು, ಒಮ್ಮೆ ಅವರ ಮಾತಿಗೆ ಕಟ್ಟುಬಿದ್ದು ಅಲ್ಲಿ ಕೂತೆ. ಸುಖವಾಗೇ ಇತ್ತು. ಆದರೆ ಇಳಿಯುವಾಗ ಎಲ್ಲರಿಗಿಂತ ಕೊನೆಗೆ ಇಳಿದು ಇಮಿಗ್ರೇಷನ್ ಸಾಲಿನ ಬಾಲವಾದೆವು. ಇನ್ನೊಂದು, ಕಟ್ಟಕಡೆಯ ಸಾಲು ಮಾತ್ರ ತೆಗೆದುಕೊಳ್ಳಬೇಡಿ. ಹಿಂದೆ ಗೋಡೆ ಇದ್ದರೆ ಸೀಟು ಒರಗುವುದೇ ಇಲ್ಲ, ಒರಗಿದರೂ ಅರ್ಧಂಬರ್ಧ.

ಕಿಟಕಿ ಬೇಕು ಅನ್ನುವವರಿಗೆ ಬಿಸಿಲಿನ ಲೆಕ್ಕ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಎಷ್ಟೋ ವಿಮಾನ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ, ವಾಯವ್ಯಕ್ಕೆ ಹೋಗುತ್ತವೆ. ಬೆಳಗಾದಾಗ ಸೂರ್ಯ ಬಲಗಡೆ. ಬರುವಾಗ ಅಲ್ಲಿಂದ ಹಗಲಲ್ಲಿ ಹೊರಟು ಆಗ್ನೇಯಕ್ಕೆ ಬರುತ್ತೇವೆ. ಮಧ್ಯಾಹ್ನದ ಬಿಸಿಲು ಆಗಲೂ ಬಲಕ್ಕೇ. ಅಂದರೆ ಹೋಗುವಾಗಲೂ ಬರುವಾಗಲೂ ‘ಎ’ ಸೀಟು ನೆರಳಿನದು. ಇದನ್ನು ಕಂಡುಹಿಡಿದಿದ್ದು ನಮ್ಮವರು. ಹಾಸನದ ಬಸ್ಸಿನ ಲೆಕ್ಕವೇ ಅಂತ ಬೀಗಿದರು.

ಸೀಟಿಗಿಂತ ಮೊದಲು ವಿಮಾನ ಯಾವುದು ಅಂತ ನೋಡಬೇಕು ಅನ್ನೋದು ನನಗೆ ತಡವಾಗಿ ತಿಳಿಯಿತು. ಹತ್ತು ಸೀಟಿನ ಸಾಲಿರುವ 777ರಲ್ಲಿ ಸೀಟಿನ ಅಗಲ ಸುಮಾರು 17 ಇಂಚು. ಒಂಬತ್ತು ಸೀಟಿನ ಎ350ಯಲ್ಲಿ ಸುಮಾರು 18. ಒಂದು ಇಂಚು ಏನು ಮಹಾ ಅಂತೀರಾ? ಪಕ್ಕದವರ ಮೊಣಕೈ ಹದಿನೈದು ಗಂಟೆ ತಾಗುವುದಕ್ಕೂ ತಾಗದಿರುವುದಕ್ಕೂ ಅಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ ಗಾಳಿಯದು. ವಿಮಾನ ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗೆ ಗಾಳಿಯ ಒತ್ತಡ ತುಂಬಿಸಿ ಇಡುತ್ತಾರೆ. ಹಳೆಯ ವಿಮಾನಗಳಲ್ಲಿ ಅದು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಹಾಗೆ, ಅಂದರೆ ಊಟಿಗಿಂತ ಮೇಲೆ. 787 ಮತ್ತು ಎ350ಯಲ್ಲಿ 6,000 ಅಡಿಯ ಹಾಗೆ, ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ತೇವವೂ ಜಾಸ್ತಿ. ನಾವು ಬೆಂಗಳೂರಿನವರು ಹೇಗೂ 3,000 ಅಡಿಯಲ್ಲಿ ಇರುವವರು, ಆದರೂ ಗೊತ್ತಾಗುತ್ತದೆ. ಎ350ಯಿಂದ ಇಳಿದಾಗ ತಲೆನೋವು ಇರಲಿಲ್ಲ, ಗಂಟಲು ಒಣಗಿರಲಿಲ್ಲ. ನನ್ನ ಮಟ್ಟಿಗೆ ಎ350ಯ ಸಾಧಾರಣ ಸೀಟು 777ರ ಒಳ್ಳೆ ಸೀಟಿಗಿಂತ ಮೇಲು.

ಆದರೆ ವಿಮಾನ ಬದಲಾಗುತ್ತದೆ! ಮೂರನೇ ಸಲ ಬರುವಾಗ ದುಡ್ಡು ಕೊಟ್ಟು ಆರಿಸಿದ ಸೀಟಿನ ಅಂಕಿ ಹಾಗೇ ಇತ್ತು, ಹೊರಡುವ ಹಿಂದಿನ ದಿನ ವಿಮಾನವೇ ಬೇರೆಯಾಗಿತ್ತು. ನನ್ನ ಅಂಕಿಯ ಸೀಟು ಹೊಸ ನಕ್ಷೆಯಲ್ಲಿ ಟಾಯ್ಲೆಟ್ ಪಕ್ಕಕ್ಕೆ ಬಂದು ಕೂತಿತ್ತು. ಯಾವ ಕಂಪನಿ ಅನ್ನೋದು ಬೇಡ. ನಾನು ನೋಡಿಕೊಂಡಿದ್ದರೆ ಬದಲಾಯಿಸಬಹುದಿತ್ತು, ನೋಡಿಕೊಳ್ಳಲಿಲ್ಲ. ಈಗ ಬುಕ್ ಮಾಡಿದ ದಿನ ಒಮ್ಮೆ, ವಾರದ ಮೊದಲು ಒಮ್ಮೆ, ವೆಬ್ ಚೆಕ್-ಇನ್ ತೆರೆದ ಕೂಡಲೇ ಒಮ್ಮೆ ನಕ್ಷೆ ತೆಗೆದು ನೋಡುತ್ತೇನೆ. ಚೆಕ್-ಇನ್ ಕೆಲವು ಕಂಪನಿಗಳಲ್ಲಿ 48 ಗಂಟೆ ಮೊದಲು, ಕೆಲವದರಲ್ಲಿ 24 ಗಂಟೆ ಮೊದಲು ತೆರೆಯುತ್ತದೆ. ಏರೋಲೋಪಾ ಅನ್ನೋ ತಾಣದಲ್ಲಿ ವಿಮಾನದ ನಕ್ಷೆ ಅಳತೆಗೆ ತಕ್ಕ ಹಾಗೆ ಬರೆದಿರುತ್ತಾರೆ. ಯಾವ ಸೀಟಿಗೆ ಕಿಟಕಿ ಇಲ್ಲ ಅನ್ನೋದು ಸಹ ಕಾಣುತ್ತದೆ. ಒಂದು ಕಣ್ಣಿಗೆ ಕಾಣದ ಕಂಟಕ ಮಾತ್ರ ಉಳಿಯುತ್ತದೆ. ಕೆಲವು ಸೀಟಿನ ಕೆಳಗೆ ಟಿವಿಯ ಪೆಟ್ಟಿಗೆ ಇಟ್ಟಿರುತ್ತಾರೆ, ಒಂದು ಕಾಲು ಚಾಚಲು ಆಗುವುದಿಲ್ಲ. ಅದು ಕೂತ ಮೇಲೇ ಗೊತ್ತಾಗುವುದು.

ಸಸ್ಯಾಹಾರದ ಊಟ ಮೊದಲೇ ಹೇಳಿದರೆ ಎಲ್ಲರಿಗಿಂತ ಮುಂಚೆ ತಂದುಕೊಡುತ್ತಾರೆ ಅಂತ ನೆಂಟರೆಲ್ಲ ಹೇಳುತ್ತಾರೆ. ಹೌದು, ತರುತ್ತಾರೆ. ಆಮೇಲೆ ಊರೆಲ್ಲ ಉಂಡು ಮುಗಿಸುವ ತನಕ ಖಾಲಿ ಟ್ರೇ ತೊಡೆ ಮೇಲೆ ಇಟ್ಟುಕೊಂಡು ಏಳಲಾಗದೆ ಕೂರಬೇಕು. ಅದಕ್ಕೇ ಊಟದ ಗಾಡಿ ಹೊರಡುವ ಮೊದಲೇ ನಾನು ಒಂದು ಸುತ್ತು ಎದ್ದು ಬರುತ್ತೇನೆ. ಹೋದ ಸಲ ಹಾಗೆ ಎದ್ದಾಗ ನಾಲ್ಕು ಸೀಟಿನ ನಡುವೆ ಸಿಕ್ಕಿಕೊಂಡಿದ್ದ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಮಂಡ್ಯ ಕಡೆಯವರಂತೆ, ಮೊದಲ ಪ್ರಯಾಣ. “ಏಳ್ಬೇಕಾ ಅಮ್ಮ?” ಅಂತ ಕೇಳಿದೆ. ತಲೆಯಾಡಿಸಿದರು. ಪಕ್ಕದಲ್ಲಿ ಮಲಗಿದ್ದ ಹುಡುಗನನ್ನು ನಾನೇ ಭುಜ ತಟ್ಟಿ ಎಬ್ಬಿಸಿದೆ. ಅವನು ಒಂದು ಚೂರೂ ಬೇಜಾರು ಮಾಡಿಕೊಳ್ಳದೆ ಎದ್ದು ದಾರಿ ಬಿಟ್ಟ.