ಮುಳ್ಳು ಮೂರಕ್ಕೇ ನಿಲ್ಲುತ್ತದೆ, ಆಯಿಲ್ ಪ್ರೆಶರ್ ನಿಲ್ಲಲ್ಲ

ಹೋದ ತಿಂಗಳು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಲಿಲ್ಲ. ಮನೆಯವಳು ನೀರ್ ದೋಸೆ ಹೇಳೋಕೆ ಇಳಿದು ಹೋದಳು, ನಾನು ಡ್ಯಾಶ್‌ಬೋರ್ಡ್‌ನಲ್ಲಿ ಇಂಜಿನ್ ಆಯಿಲ್‌ನ ಒತ್ತಡ ತೋರಿಸುವ ಆಯಿಲ್ ಪ್ರೆಶರ್ ಮುಳ್ಳು ನೋಡುತ್ತಾ ಕೂತೇ ಇದ್ದೆ. ಒಂದರ ಗೆರೆಗಿಂತ ಸ್ವಲ್ಪ ಮೇಲೆ. ಕಾದ ಇಂಜಿನ್, ಐಡಲ್ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುತ್ತಿರೋದು), ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿ. ದೋಸೆ ಆರಿಹೋಯಿತು. ಹೋಗಲಿ ಬಿಡಿ.

ಒಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಅದೇ ಮುಳ್ಳು ಸೊನ್ನೆಯ ಮೇಲೆ ಹೆಚ್ಚುಕಡಿಮೆ ಮಲಗಿತ್ತು. 0.3 ಬಾರ್ ಇದ್ದಿರಬಹುದು. ಬಾರ್ ಅಂದರೆ ಒತ್ತಡದ ಅಳತೆ.

ಗಾಡಿ ಮರ್ಸಿಡಿಸ್ ಬೆಂಝ್ ಡಬ್ಲ್ಯೂ 124, ಇ 250 ಡೀಸೆಲ್, 1996ರದ್ದು, ಪುಣೆಯಲ್ಲಿ ಜೋಡಿಸಿದ್ದು. ಐದು ಸಿಲಿಂಡರ್. ನಾನು ಮೂರನೆಯ ಮಾಲೀಕ. ಈ ಗಾಡಿ ಇಟ್ಟುಕೊಂಡವರಿಗೆಲ್ಲ ಮ್ಯಾನ್ಯುಯಲ್‌ನ ಒಂದು ವಾಕ್ಯ ಬಾಯಿಪಾಠ. ಇಂಜಿನ್ ಕಾದಾಗ ಐಡಲ್‌ನಲ್ಲಿ 0.3 ಬಾರ್‌ಗೆ ಇಳಿದರೂ ತೊಂದರೆ ಇಲ್ಲ ಅಂತ. ನನಗೆ ಸಮಾಧಾನ ಹೇಳಿದ ನಾಲ್ಕು ಜನರೂ ಇದನ್ನೇ ಹೇಳಿದರು. ಅದರ ಮುಂದಿನ ಮಾತನ್ನು ಯಾರೂ ಹೇಳಲ್ಲ. ಆಕ್ಸಿಲರೇಟರ್ ಒತ್ತಿದ ತಕ್ಷಣ ಮುಳ್ಳು ಏರಬೇಕು ಅಂತಲೂ ಅಲ್ಲೇ ಇದೆ. ನನ್ನದು ಏರುತ್ತಿತ್ತು, ಆದರೆ ಸರ್ಕಾರಿ ಆಫೀಸಿನ ಫೈಲ್ ಏರಿದ ಹಾಗೆ. ಕಾದಾಗ 3000 ಆರ್‌ಪಿಎಂನಲ್ಲೂ ಎರಡೂವರೆ ಮುಟ್ಟುವಷ್ಟರಲ್ಲಿ ಸುಸ್ತು.

ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪ್‌ಗೆ ತೋರಿಸಿದೆ. ಬಾನೆಟ್ ಎತ್ತಿದರು, ಕಿವಿಗೊಟ್ಟು ಕೇಳಿದರು, "ಬೇರಿಂಗ್ ಹೋಗಿದೆ ಸಾರ್, ಫುಲ್ ಇಂಜಿನ್ ಕೆಲಸ" ಅಂದರು. ಒಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಜಾಗ ಸವೆದು ಆಯಿಲ್ ಸೋರುತ್ತಿದೆ ಅಂತ ಅರ್ಥ. 1 ಲಕ್ಷ 90 ಸಾವಿರದ ಎಸ್ಟಿಮೇಟ್. ಗೇಜ್ ಹಾಕಿ ನೋಡಿದಿರಾ ಅಂತ ಕೇಳಿದೆ. ಮೂವತ್ತು ವರ್ಷದ ಅನುಭವ ಇದೆ, ಗೇಜ್ ಯಾಕೆ ಅಂದರು. ನನ್ನ ಹಳೆಯ ಗೆಳೆಯ ಒಬ್ಬನಿಗೂ ಬೆಂಝ್ ಹುಚ್ಚು. ಅವನು ಇನ್ನೂ ಸುಲಭದ ದಾರಿ ಹೇಳಿದ. ಗುಜರಿಗೆ ಹಾಕು, ಬಿಡಿಭಾಗಕ್ಕೇ ಒಂದು ಲಕ್ಷ ಬರುತ್ತೆ ಅಂತ.

ಅಲ್ಲಿಂದ ನನ್ನ ದಡ್ಡತನದ ಕಥೆ ಶುರು.

ಮೊದಲು ಸೆಂಡರ್, ಅಂದರೆ ಪ್ರೆಶರ್ ಅಳೆದು ಮೀಟರ್‌ಗೆ ತಿಳಿಸುವ ಸೆನ್ಸರ್. ಎಲ್ಲರೂ ಅಲ್ಲಿಂದಲೇ ಶುರು ಮಾಡೋದು, ತಪ್ಪಿಲ್ಲ. ಅದರ ವೈರ್ ಕಿತ್ತರೆ ಮುಳ್ಳು ಮೂರಕ್ಕೆ ಹಾರಿತು, ಗಾಡಿಯ ಲೋಹಕ್ಕೆ ತಾಗಿಸಿದರೆ ಸೊನ್ನೆಗೆ ಬಿತ್ತು. ಅಂದರೆ ವೈರಿಂಗ್, ಮೀಟರ್ ಎರಡೂ ಸರಿ. ಜೆಸಿ ರೋಡ್‌ನಲ್ಲಿ ಒಂದು ಹಳೇ ಸೆಂಡರ್ ಸಿಕ್ಕಿತು, ಎರಡು ಸಾವಿರ ಚಿಲ್ಲರೆ. ಹಾಕಿದರೆ ಐಡಲ್‌ನಲ್ಲಿ 1.5 ತೋರಿಸಿತು. ಆ ರಾತ್ರಿ ಮನೆಯಲ್ಲಿ ಸಿಹಿ ಹಂಚಿದ್ದೆ, ಸುಳ್ಳಲ್ಲ. ಮೂರು ದಿನ ಆದ ಮೇಲೆ ನೋಡಿದರೆ, ಇಂಜಿನ್ ಆಫ್ ಇದ್ದು ಕೀ ತಿರುಗಿಸಿದಾಗಲೂ ಮುಳ್ಳು ಒಂದರಲ್ಲೇ ನಿಂತಿದೆ! ಸೆಂಡರ್ ಸತ್ತಿತ್ತು, ಸತ್ತವನು ಒಳ್ಳೆ ಸುದ್ದಿ ಹೇಳುತ್ತಿದ್ದ. ಹೊಸದು ತರಿಸಿದೆ, ಐದು ಸಾವಿರದ ಹತ್ತಿರ. ಮತ್ತೆ 0.3.

ಆಮೇಲೆ ಆಯಿಲ್. 15ಡಬ್ಲ್ಯೂ-40 ತೆಗೆದು ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಸುರಿದೆ. ಮುಳ್ಳು ಒಂದು ಕೂದಲೆಳೆ ಮೇಲೆ ಬಂತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ವಾಲ್ವ್ ಒತ್ತುವ ಟ್ಯಾಪೆಟ್‌ಗಳು ಮೊದಲಿಗಿಂತ ಜಾಸ್ತಿ ಹೊತ್ತು ಟಕಟಕ ಅನ್ನೋಕೆ ಶುರು. ಹೈಡ್ರಾಲಿಕ್ ಟ್ಯಾಪೆಟ್‌ಗೆ ಆಯಿಲ್ ತಲುಪೋಕೆ ತಡ ಆಗುತ್ತಿತ್ತು, ಅಷ್ಟೇ. ದಪ್ಪ ಆಯಿಲ್ ಹಾಕಿ ಹಳೇ ಗಾಡಿ ಮಾರುವವರ ಗುಟ್ಟು ಗೊತ್ತಾಯಿತು, ನನ್ನ ರೋಗ ಗೊತ್ತಾಗಲಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. ಇಂಜಿನ್ ಒಳಗೆ ತೊಳೆಯುವ ಹತ್ತು ನಿಮಿಷದ ಇಂಜಿನ್ ಫ್ಲಶ್. ಸ್ಲಡ್ಜ್, ಅಂದರೆ ಹಳೇ ಆಯಿಲ್‌ನ ಗಸಿ ಇರಬಹುದು, ತೊಳೆದು ಹೋಗಲಿ ಅಂದುಕೊಂಡೆ. ತೊಳೆದು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಬೇಕಿತ್ತು ಅಲ್ವಾ? ಸಂಪ್‌ನ ಜಾಲರಿಗೆ. ಸಂಪ್ ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಪಂಪ್ ಆಯಿಲ್ ಎಳೆಯೋದು ಆ ಜಾಲರಿಯ ಮೂಲಕ. ಮಾರನೆಯ ದಿನ ಕಾದಾಗ ಐಡಲ್‌ನಲ್ಲಿ ಮುಳ್ಳು ಅಲುಗಲೇ ಇಲ್ಲ. ಹೆದರಿ ಟೋ ಮಾಡಿಸಿಕೊಂಡು ಮನೆಗೆ ತಂದೆ. ಟೋಯಿಂಗ್ ಮೂರೂವರೆ ಸಾವಿರ, ಎರಡು ಸಲದ ಆಯಿಲ್, ಫಿಲ್ಟರ್‌ಗೆ ಬೇರೆ ಒಂಬತ್ತು ಸಾವಿರ. ಅದೇ ಗಾಬರಿಯಲ್ಲಿ ಗುಜರಿಯಿಂದ ಒಂದು ಆಯಿಲ್ ಪಂಪ್ ಕೂಡ ತಂದಿಟ್ಟೆ, ಎಂಟು ಸಾವಿರ ಕೊಟ್ಟು. ಪಂಪ್ ಕೆಟ್ಟಿದೆ ಅನ್ನೋದಕ್ಕೆ ಒಂದು ಸಾಕ್ಷಿಯೂ ಇಲ್ಲದೆ.

ಆಯಿಲ್ ಫಿಲ್ಟರ್ ಮುಚ್ಚಳದ ಕೆಳಗೆ ನೇತಾಡುವ ಕೊಳವೆಯ ರಬ್ಬರ್ ಓ-ರಿಂಗ್ ನೋಡಿದಿರಾ ಅಂತ ಈ ಗಾಡಿ ಬಲ್ಲವರು ಕೇಳುತ್ತೀರಿ, ಗೊತ್ತು. ನೋಡಿದೆ, ಬದಲಾಯಿಸಿದೆ. ಅದು ಹರಿದರೆ ಆಯಿಲ್ ಬೇರಿಂಗ್‌ಗೆ ಹೋಗದೆ ನೇರ ಸಂಪ್‌ಗೆ ಇಳಿಯುತ್ತೆ. ನನ್ನದು ಗಟ್ಟಿಯಾಗಿತ್ತು, ಹರಿದಿರಲಿಲ್ಲ.

ಕೊನೆಗೆ ಮೊದಲೇ ಮಾಡಬೇಕಾದ ಕೆಲಸ ಮಾಡಿದೆ. 0ರಿಂದ 10 ಬಾರ್‌ನ ಮೆಕ್ಯಾನಿಕಲ್ ಗೇಜ್, ಸಾವಿರದ ನಾನೂರು ರೂಪಾಯಿ. ಅದನ್ನು ಜೋಡಿಸುವ ಅಡಾಪ್ಟರನ್ನು ಲೇಥ್‌ನವನ ಹತ್ತಿರ ಮಾಡಿಸಿದೆ, ಆರುನೂರು. ಸೆಂಡರ್ ಜಾಗದಲ್ಲಿ ಕೂರಿಸಿ, ಹೋಸ್ ಎಳೆದು, ಗೇಜನ್ನು ವೈಪರ್‌ಗೆ ಕಟ್ಟಿದೆ.

ಕಾದ ಇಂಜಿನ್‌ನಲ್ಲಿ 0.35. ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ. "ನೋಡು, ಗೇಜ್ ಹಾಕಿಯೂ ಅದೇ, ಬೇರಿಂಗೇ" ಅಂದ. ನಾನೂ ಹೌದು ಅಂದುಕೊಂಡು ಮಲಗಿದೆ. ಗೇಜ್ ಬಿಚ್ಚೋಕೆ ಬೇಜಾರಾಗಿ ಹಾಗೇ ಬಿಟ್ಟಿದ್ದೆ.

ಮಾರನೆಯ ಬೆಳಗ್ಗೆ ಆರು ಗಂಟೆಗೆ ಗಾಡಿ ಸ್ವಲ್ಪ ಹಿಂದೆ ತೆಗೆಯಬೇಕಿತ್ತು. ಸ್ಟಾರ್ಟ್ ಮಾಡಿದೆ. ಡ್ಯಾಶ್‌ಬೋರ್ಡ್ ಮುಳ್ಳು ಮೂರಕ್ಕೆ ಹೋಗಿ ಕೂತಿತು, ಎಂದಿನಂತೆ. ವೈಪರ್‌ಗೆ ಕಟ್ಟಿದ ಗೇಜ್ ನೋಡಿದೆ. 3.2. ರೇಸ್ ಕೊಟ್ಟೆ. 3.4. ಇನ್ನೂ ಕೊಟ್ಟೆ. 3.4ರಲ್ಲೇ ಅಂಟಿಕೊಂಡಿತು.

ಡ್ಯಾಶ್‌ಬೋರ್ಡ್ ಮೀಟರ್ ಇರೋದೇ ಮೂರರವರೆಗೆ. ಅದರ ಮೇಲೆ ಐದು ಬಾರ್ ಇದ್ದರೂ ಮೂರು, ಮೂರೂ ಕಾಲು ಇದ್ದರೂ ಮೂರು. ನಾವೆಲ್ಲ ಕಾದ ಇಂಜಿನ್‌ನ ಐಡಲ್ ನೋಡಿ ತಲೆ ಕೆಡಿಸಿಕೊಳ್ಳುತ್ತೇವೆ, ತಣ್ಣಗಿದ್ದಾಗ ಮೂರು ಕಂಡರೆ ಖುಷಿಯಾಗಿ ಹೊರಡುತ್ತೇವೆ. ಬೇರಿಂಗ್ ಸವೆದಿದ್ದರೆ ತಣ್ಣಗಿನ ದಪ್ಪ ಆಯಿಲ್ ಆ ಸಂದಿಯಲ್ಲಿ ಅಷ್ಟು ಬೇಗ ಸೋರಲ್ಲ, ನಾಲ್ಕೈದು ಬಾರ್ ಬಂದೇ ಬರಬೇಕು. ಪಂಪ್ ಸವೆದಿದ್ದರೆ ರೇಸ್ ಕೊಟ್ಟ ಹಾಗೆ ಸ್ವಲ್ಪವಾದರೂ ಏರುತ್ತಾ ಹೋಗಬೇಕು. ರೇಸ್ ಕೊಟ್ಟರೂ ಒಂದೇ ಕಡೆ ಗೋಡೆಗೆ ಬಡಿದ ಹಾಗೆ ನಿಂತರೆ, ಎಲ್ಲೋ ಒಂದು ಬಾಗಿಲು ಬೇಗ ತೆರೆಯುತ್ತಿದೆ. ಬಾಗಿಲು ಅಂದರೆ ರಿಲೀಫ್ ವಾಲ್ವ್, ಪ್ರೆಶರ್ ಮಿತಿ ಮೀರಿದಾಗ ಆಯಿಲನ್ನು ವಾಪಸ್ ಬಿಡುವಂಥದ್ದು.

ಹೋಲಿಕೆಗೆ ಗೆಳೆಯನ ಗಾಡಿಯೇ ಬೇಕಾಯಿತು. ಅದೇ ಮಾಡೆಲ್, ನನ್ನದಕ್ಕಿಂತ ಕಡಿಮೆ ಓಡಿದ್ದು. ರಾತ್ರಿ ಅವನ ಮನೆಯಲ್ಲೇ ಉಳಿದು ಬೆಳಗ್ಗೆ ಗೇಜ್ ಹಾಕಿದೆ. ತಣ್ಣಗೆ ಐಡಲ್‌ನಲ್ಲಿ ನಾಲ್ಕೂವರೆ, ರೇಸ್ ಕೊಟ್ಟರೆ ಐದು ದಾಟಿತು. ಅವನು ಸುಮ್ನೆ ನೋಡಿದ. "ನಿನ್ನದು ಬೇರಿಂಗೂ ಹೋಗಿರುತ್ತೆ, ವಾಲ್ವೂ ಹೋಗಿರುತ್ತೆ" ಅಂದ. ಸೋಲು ಒಪ್ಪಿಕೊಳ್ಳುವ ಜಾತಿಯವನಲ್ಲ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು. ಆಯಿಲ್ ಎಷ್ಟು ಬಿಸಿ ಇದ್ದಾಗ ಎಷ್ಟು ಪ್ರೆಶರ್ ಅಂತ ಬರೆದಿಡೋದು. ಮಲ್ಟಿಮೀಟರ್‌ನ ಥರ್ಮೋಕಪಲ್ ವೈರನ್ನು ಡಿಪ್‌ಸ್ಟಿಕ್ ಕೊಳವೆಯಲ್ಲಿ ಇಳಿಸಿದೆ. ವೈರ್ ಕೊಳವೆಯ ಗೋಡೆಗೆ ತಾಗಿದರೆ ಲೆಕ್ಕ ತಪ್ಪುತ್ತೆ. ತಾಗದ ಹಾಗೆ ಇಳಿಸೋಕೆ ನಾನು ಮಾಡಿಕೊಂಡ ಉಪಾಯ ನನ್ನ ಹತ್ತಿರವೇ ಇರಲಿ. ಮನೆ ಮುಂದೆ 80 ಡಿಗ್ರಿಯಲ್ಲಿ 0.7 ಇದ್ದದ್ದು ಘಾಟಿ ಹತ್ತಿ 105 ಆದಾಗ ಅರ್ಧಕ್ಕೆ ಇಳಿಯುತ್ತಿತ್ತು. ಗ್ಯಾರೇಜ್‌ನಲ್ಲಿ ಹತ್ತು ನಿಮಿಷ ಐಡಲ್ ಬಿಟ್ಟು "ಪ್ರೆಶರ್ ಚೆನ್ನಾಗಿದೆ" ಅನ್ನುವವರ ಮಾತು ಅವತ್ತಿನಿಂದ ನಂಬಲ್ಲ. ಅದೇ ಹುಚ್ಚಲ್ಲಿ ಪಕ್ಕದ ಮನೆಯವರ ಕಾಂಟೆಸ್ಸಾ ಕಾರಿಗೂ ಗೇಜ್ ಹಾಕಿದೆ. ಕಾದಾಗ ಐಡಲ್‌ನಲ್ಲಿ ನನ್ನ ಬೆಂಝ್‌ನ ಮೂರು ಪಟ್ಟು. ಅವರು ಒಂದು ವಾರ ಎಲ್ಲರಿಗೂ ಹೇಳಿಕೊಂಡು ಓಡಾಡಿದರು.

ಸಂಪ್ ಇಳಿಸೋದು ಹೇಳಿದಷ್ಟು ಸುಲಭ ಅಲ್ಲ. ಇಂಜಿನ್ ಮೌಂಟ್ ಬಿಚ್ಚಿ, ಶೆಡ್‌ನ ಅಡ್ಡ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಇಂಜಿನ್ ಎತ್ತಿದೆ. ಸಹಾಯಕ್ಕೆ ಒಬ್ಬ ಹುಡುಗ, ದಿನಕ್ಕೆ ಎಂಟುನೂರು. ಒಂದೇ ದಿನದ ಕೆಲಸ ಅಂದುಕೊಂಡಿದ್ದೆ. ಹಿಂದಿನ ಕಡೆಯ ಒಂದು ಬೋಲ್ಟ್‌ನ ತಲೆ ಸವೆದು ಗುಂಡಗಾಯಿತು. ಅದೊಂದಕ್ಕೇ ಒಂದು ದಿನ ಹೋಯಿತು. ಬಿಸಿ ಮಾಡಿದೆ, ಚಿಕ್ಕ ಸಾಕೆಟ್ ಬಡಿದು ಕೂರಿಸಿದೆ, ಬೈದೆ. ಬೈದಾಗಲೇ ಬಿಚ್ಚಿಕೊಂಡಿತು.

ಸಂಪ್ ಕೆಳಗೆ ಬಂದಾಗ ಮೊದಲು ಕಂಡದ್ದು ಕೆಂಪು. ಹಳೇ ಮಾಲೀಕರ ಕಾಲದಲ್ಲಿ ಯಾರೋ ಸಂಪ್‌ನ ಗ್ಯಾಸ್ಕೆಟ್ ಜೊತೆಗೆ ಸೋರದ ಹಾಗೆ ಕೆಂಪು ಸಿಲಿಕಾನ್ ಅಂಟು ಮೆತ್ತಿದ್ದರು, ಹೋಳಿಗೆಗೆ ತುಪ್ಪ ಸುರಿದ ಹಾಗೆ. ಒಳಗೆ ಉಬ್ಬಿ ಬಂದದ್ದು ಕಿತ್ತು ಜಾಲರಿಯ ತುಂಬ ಅಂಟಿತ್ತು. ಅದರ ಮೇಲೆ ನನ್ನ ಫ್ಲಶ್‌ನ ಕಪ್ಪು ಗಸಿ. ಜಾಲರಿಯ ಅಂಚು ಒಂದು ಕಡೆ ಬಿಟ್ಟುಕೊಂಡಿತ್ತು, ಉಗುರು ತೂರುವಷ್ಟು.

ಪಂಪ್‌ನಲ್ಲಿರುವ ರಿಲೀಫ್ ವಾಲ್ವ್‌ನ ಪ್ಲಗ್ ಬಿಚ್ಚಿದೆ. ಸ್ಪ್ರಿಂಗ್ ಬಂತು. ವಾಲ್ವ್ ಒಳಗಿನ ಪುಟ್ಟ ಪಿಸ್ಟನ್ ಬರಲಿಲ್ಲ. ಮ್ಯಾಗ್ನೆಟ್ ಹಿಡಿದರೂ ಇಲ್ಲ. ಪಂಪ್ ಇಳಿಸದೆ ಅದನ್ನು ಹೊರಗೆ ತಂದದ್ದು ಹೇಗೆ ಅಂತ ಗೆಳೆಯ ಈಗಲೂ ಕೇಳುತ್ತಾನೆ. ಕೇಳಲಿ. ಹೊರಗೆ ಬಂದ ಪಿಸ್ಟನ್‌ನ ಪಕ್ಕದಲ್ಲಿ ಒಂದು ಗೀರು, ಗೀರಿನಲ್ಲಿ ಶ್ಯಾವಿಗೆ ಎಳೆಯಷ್ಟು ತೆಳ್ಳಗಿನ ಕೆಂಪು ಸಿಲಿಕಾನ್. ಪೂರ್ತಿ ಮುಚ್ಚೋಕೆ ಅದು ಬಿಡುತ್ತಿರಲಿಲ್ಲ. ಎಂಟು ಸಾವಿರ ಕೊಟ್ಟು ತಂದ ಪಂಪ್‌ನ ನೆನಪಾಯಿತು. ಅದರ ಸ್ಪ್ರಿಂಗ್ ತೆಗೆದು ಪಕ್ಕಪಕ್ಕ ನಿಲ್ಲಿಸಿದರೆ ನನ್ನದು ಎರಡು ಮಿಲಿಮೀಟರ್ ಗಿಡ್ಡ. ಅದಕ್ಕೇ ಬಾಗಿಲು ಬೇಗ ತೆರೆಯುತ್ತಿತ್ತು. ಪಿಸ್ಟನ್ ಉಜ್ಜಿ ನಯ ಮಾಡಿದೆ, ತನ್ನ ಭಾರಕ್ಕೇ ಜಾರುವಷ್ಟು. ಸ್ಪ್ರಿಂಗ್ ಗುಜರಿ ಪಂಪ್‌ನದ್ದು ಹಾಕಿದೆ.

ಸಂಪ್ ಇಳಿದೇ ಇತ್ತಲ್ಲ, ಒಂದು ಕನೆಕ್ಟಿಂಗ್ ರಾಡ್‌ನ ಕ್ಯಾಪ್ ಬಿಚ್ಚಿ ಬೇರಿಂಗ್ ಸಂದಿ ಅಳೆಯುವ ಪ್ಲಾಸ್ಟಿಗೇಜ್ ಎಳೆ ಇಟ್ಟು ನೋಡಿದೆ. 0.05 ಮಿಲಿಮೀಟರ್ ಆಸುಪಾಸು, ಸರಿಯಾಗೇ ಇತ್ತು. ಬೇರಿಂಗ್ ಶೆಲ್‌ನಲ್ಲಿ ಸವೆದರೆ ಕಾಣುವ ತಾಮ್ರ ಕಂಡಿರಲಿಲ್ಲ, ಬರೀ ಬೂದು ಬಣ್ಣ. ಕ್ಯಾಪ್‌ಗೆ ಹೊಸ ಬೋಲ್ಟ್ ಹಾಕಿ ಮುಚ್ಚಿದೆ. 1 ಲಕ್ಷ 90 ಸಾವಿರದ ಬೇರಿಂಗ್‌ನ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ, ಮಾತಿಲ್ಲದೆ.

15ಡಬ್ಲ್ಯೂ-40 ಸುರಿದು, ಫಿಲ್ಟರ್ ತುಂಬಿಸಿ, ಸ್ಟಾರ್ಟ್ ಮಾಡಿದೆ. ತಣ್ಣಗೆ 4.8. ಕಾದಾಗ ಐಡಲ್‌ನಲ್ಲಿ 1.2. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಡ್ಯಾಶ್‌ಬೋರ್ಡ್ ಮುಳ್ಳು ಮೂರಕ್ಕೆ ಚಿಮ್ಮುತ್ತದೆ. ಬೆಳಗಿನ ಟಕಟಕ ಎರಡು ಸೆಕೆಂಡಿಗೆ ನಿಂತಿತು. ಈ ಕೊನೆಯ ಕೆಲಸಕ್ಕೆ ಗ್ಯಾಸ್ಕೆಟ್, ಆಯಿಲ್, ಹುಡುಗನ ಕೂಲಿ, ಗೇಜ್ ಸೇರಿ ಹದಿಮೂರು ಸಾವಿರ ಆಗಿರಬೇಕು. ಅದಕ್ಕೂ ಮುಂಚಿನ ದಡ್ಡತನಕ್ಕೆ ಇಪ್ಪತ್ತೇಳು ಸಾವಿರ ದಾಟಿತ್ತು. ಎರಡೂ ಸೇರಿಸಿದ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಗೇಜ್ ಈಗ ಗೆಳೆಯನ ಹತ್ತಿರ ಇದೆ. ಅವನ ಗಾಡಿ ಬೆಳಗ್ಗೆ ಐದು ದಾಟುತ್ತಿದ್ದದ್ದು ನಾಲ್ಕಕ್ಕೆ ಇಳಿದಿದೆಯಂತೆ, ನಿದ್ದೆ ಬರುತ್ತಿಲ್ಲವಂತೆ. ಇನ್ನು ನನ್ನ ಶೆಡ್‌ನಲ್ಲಿ ರಿಲೀಫ್ ಸ್ಪ್ರಿಂಗ್ ಒಂದಿಲ್ಲದ ಆಯಿಲ್ ಪಂಪ್ ಇದೆ, ಗೇರ್‌ಗಳು ಚೆನ್ನಾಗಿವೆ. ಬೇಕಾದವರಿಗೆ ಐದು ಸಾವಿರಕ್ಕೆ ಕೊಡುತ್ತೇನೆ. ಚೌಕಾಸಿ ಬೇಡ.